ಗೀಟು ಬಿದ್ದ ಸಾಲುಗಳು

ಬಾಗಿಲಿಗೆ ಅಡ್ಡ ಹಿಡಿದ ಹಳದಿ ಬಟ್ಟೆಯ ಆಚೆ ಗಂಡಿನ ದಿಬ್ಬಣ ಬಿಸಿಲಲ್ಲಿ ಬೇಯುತ್ತಿತ್ತು. ಈಚೆ, ಹೆಣ್ಣಿನ ಕಡೆಯ ಮಾತುಗಾತಿಯಾಗಿ ಸಲ್ಮಿಯಾ ನಿಂತಿದ್ದಳು. ರಿಯಾವು ದ್ವೀಪಗಳಲ್ಲಿ ಪಾಂತುನ್ ಹೇಳಿ ಒಪ್ಪಿಸದೆ ಯಾವ ಮದುಮಗನೂ ಹೊಸ್ತಿಲು ದಾಟುವಂತಿಲ್ಲ. ಪಾಂತುನ್ ಅಂದರೆ ನಾಲ್ಕೇ ಸಾಲು. ಮೊದಲೆರಡರಲ್ಲಿ ಏಡಿ, ಮೀನು, ಗಾಳಿ ಏನಾದರೂ ಇರಲಿ, ಕೊನೆಯೆರಡರಲ್ಲಿ ಮನಸ್ಸು ಇರಬೇಕು.

ಗಂಡಿನ ಕಡೆಯಿಂದ ಮಾತಾಡುತ್ತಿದ್ದವನು ಶಾಲೆಗೆ ಹೊಸದಾಗಿ ಬಂದಿದ್ದ ಫದ್ಲಿ ಮೇಷ್ಟ್ರು. ಅವನು ಗಂಟಲು ಸರಿಮಾಡಿಕೊಂಡು ಹೇಳಿದ:

"ತೀರದ ಮರಳಲಿ ಏಡಿಯ ಸಾಲು,
ಅಲೆ ಬಂದೊಡನೆ ಅಳಿಸುವ ಗೆರೆ;
ಬಾಗಿಲ ಸಂದಿಗೆ ನಗುವಿನ ಪಾಲು,
ನಗುವ ಮುಖಕ್ಕೆ ಏತಕೆ ತೆರೆ?"

ಜನ ಹೋ ಎಂದರು. ಸಲ್ಮಿಯಾ ಹುಬ್ಬೆತ್ತಿದಳು. ಇಷ್ಟು ಚುರುಕಿನ ಎದುರಾಳಿ ಸಿಕ್ಕದೆ ಎಷ್ಟು ಕಾಲವಾಗಿತ್ತು!

"ಲವಂಗ ಒಣಗಲು ಬೇಕು ಬಿಸಿಲು,
ಮೀನು ಒಣಗಲು ಸಾಕು ಗಾಳಿ;
ಬರಿ ನಗೆಗೆ ತೆರೆಯದು ನಮ್ಮ ಬಾಗಿಲು,
ಅವಸರವೇಕೆ, ಇನ್ನಷ್ಟು ತಾಳಿ!"

ಹೀಗೆ ಅರ್ಧ ಗಂಟೆ ನಡೆಯಿತು. ಬಟ್ಟೆ ಸರಿಸಿ ದಿಬ್ಬಣವನ್ನು ಒಳಗೆ ಬಿಟ್ಟ ಮೇಲೆ ಸಲ್ಮಿಯಾ ಚಪ್ಪರದ ಕಡೆ ನೋಡಿದಳು. ಅವಳ ಗಂಡ ಜಮ್ರಿ ಕಂಬಕ್ಕೊರಗಿ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು. ಸಿಟ್ಟು ಬಂದಾಗ ಜಮ್ರಿಯ ಬಾಯಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು.

ಮನೆ ಸೇರುವವರೆಗೂ ಅವನು ನಾಲ್ಕು ಹೆಜ್ಜೆ ಮುಂದೆಯೇ ನಡೆದ.

"ಯಾರ ನಗು ಅದು, ಬಾಗಿಲ ಸಂದೀಲಿ?" ಚಪ್ಪಲಿ ಬಿಡುತ್ತಾ ಕೇಳಿದ.

"ಅಯ್ಯೋ ಅಬಾಂಗ್, ಮದುಮಗಳದ್ದು!" ಗಂಡನನ್ನು ಅವಳು ಅಬಾಂಗ್ ಎಂದೇ ಕರೆಯುತ್ತಿದ್ದಳು.

"ಮದುಮಗಳು ಒಳಕೋಣೇಲಿದ್ಲು. ಸಂದೀಲಿ ಇದ್ದಿದ್ದು ನೀನು."

ಸಲ್ಮಿಯಾಗೆ ನಗು ಬಂತು. ಮದುವೆಯಾಗಿ ಆರು ವರ್ಷ. ಈ ಮನುಷ್ಯನಿಗೆ ಇನ್ನೂ ಹೊಟ್ಟೆಕಿಚ್ಚು ಬರುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಅವನ ಕಿವಿ ಹಿಡಿದು, "ಉರೀತಿದೆ ನೋಡಿ, ಕಾಫಿ ಕಾಯಿಸಬಹುದು" ಎಂದಳು. ಅವನು ನಗಲಿಲ್ಲ. ಆ ಹೊತ್ತಿಗೇ ಕೂರಿಸಿಕೊಂಡು ಸಮಾಧಾನದ ನಾಲ್ಕು ಮಾತಾಡಬಹುದಿತ್ತು. ಆದರೆ ತಪ್ಪು ಮಾಡದವಳು ಯಾಕೆ ಸಮಜಾಯಿಷಿ ಕೊಡಬೇಕು ಎಂಬ ಬಿಗುಮಾನ ಅವಳಿಗೆ.

ಮುಂದಿನ ಮದುವೆಗೆ ಅವಳು ಹಾಳೆಯ ಮೇಲೆ ಪಾಂತುನ್ ಬರೆದುಕೊಳ್ಳುತ್ತಿದ್ದಾಗ ಜಮ್ರಿ ಬಂದು ಎದುರು ಕೂತ. ಅವನು ದೋಣಿ ಕಟ್ಟುವವನು. ಹಲಗೆಗೆ ಗುರುತು ಹಾಕುವ ದಪ್ಪ ಪೆನ್ಸಿಲ್ ಯಾವಾಗಲೂ ಕಿವಿಯ ಮೇಲಿರುತ್ತಿತ್ತು.

"ಕೊಡು, ಒಂದ್ಸಲ ನೋಡ್ತೀನಿ. ಹಲಗೆ ಕೂರಿಸೋಕ್ ಮೊದ್ಲು ಅಳತೆ ನೋಡಲ್ವಾ? ಹಾಗೆ."

'ಕಣ್ಣು' ಎಂಬಲ್ಲಿ ಒಂದು ಗೀಟು ಬಿತ್ತು. 'ಪರಿಮಳ' ಎಂಬಲ್ಲಿ ಇನ್ನೊಂದು. 'ಕಾದು ಕೂತೆ' ಎಂಬುದಕ್ಕೆ ಎರಡೆರಡು.

"ಮದುವೆ ಮನೇಲಿ ಕಣ್ಣು, ಪರಿಮಳ ಇಲ್ದೆ ಇನ್ನೇನು ಹೇಳಲಿ? ಅಕ್ಕಿ ರೇಟು ಹೇಳಲಾ?"

"ಹೇಳೋ ಹಾಗಿದ್ರೆ ಇಷ್ಟು ಹೇಳು. ಇಲ್ದಿದ್ರೆ ಹೋಗ್ಬೇಡ."

ದನಿ ಏರಿಸಲಿಲ್ಲ. ಪೆನ್ಸಿಲ್ಲನ್ನು ಮೆಲ್ಲಗೆ ಕಿವಿಯ ಮೇಲಿಟ್ಟುಕೊಂಡು ಎದ್ದು ಹೋದ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಸಲ್ಮಿಯಾ ಹಟಕ್ಕೆ ಬಿದ್ದಳು. ಗಂಡ ಹೊಡೆದುಹಾಕಿದ ಜಾಗಕ್ಕೆ ಒಂದು ಅಕ್ಷರವನ್ನೂ ಸೇರಿಸದೆ, ಮುರಿದ ಸಾಲುಗಳನ್ನು ಮುರಿದಂತೆಯೇ ಆ ಮದುವೆಯಲ್ಲಿ ಹೇಳಿದಳು. ಪ್ರಾಸ ಕೂಡಲಿಲ್ಲ. ನಗಲು ಬಾಯಿ ತೆರೆದ ಜನ ಹಾಗೆಯೇ ಮುಚ್ಚಿಕೊಂಡರು. ಅವಳಿಗೇನೋ ಆಗಿದೆ ಎಂದು ತಿಳಿದ ಫದ್ಲಿ ಮೇಷ್ಟ್ರು ಸುಲಭದ ಎರಡು ಪಾಂತುನ್ ಹೇಳಿ, ಸೋತೆ ಎಂದು ತಲೆಬಾಗಿ ಆಟ ಮುಗಿಸಿದ.

ಆ ಮರುಕವೇ ಜಮ್ರಿಗೆ ಚುಚ್ಚಿತು. "ನನ್ನ ಹೆಂಡತಿ ಮೇಲೆ ಅವನ್ಯಾಕೆ ಕನಿಕರ ತೋರಿಸ್ಬೇಕು? ಇನ್ಮೇಲೆ ಎಲ್ಲಿಗೂ ಹೋಗೋದೇ ಬೇಡ."

"ಸರಿ," ಎಂದಳು ಸಲ್ಮಿಯಾ.

ಅಂದಿನಿಂದ ಆ ಮನೆಯಲ್ಲಿ 'ಸರಿ'ಯೊಂದೇ ಉಳಿಯಿತು. ಊಟ ಬಡಿಸು ಅಂದರೆ ಸರಿ. ಬಾಗಿಲು ಹಾಕು ಅಂದರೆ ಸರಿ. ಜಮ್ರಿ ಅವಳಿಗಿಷ್ಟವಾದ ಕಡಲ ಶಂಖದ ಹುಳು ತಂದು ಬೇಯಿಸಿದ. ಅವಳು ಸೂಜಿಯಿಂದ ಒಂದೊಂದೇ ಎಳೆದು ತಿಂದು ತಟ್ಟೆ ತೊಳೆದಿಟ್ಟಳು. ರುಚಿಯಾಗಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ. ಹೀಗೆ ಎರಡು ತಿಂಗಳು ಕಳೆಯಿತು.

ಆಗ ಅವಳ ದೊಡ್ಡಮ್ಮ, ಊರಿಗೆಲ್ಲ ಮಾಕ್ ಲೋಂಗ್ ಆದವಳು, ಎದುರಿನ ದ್ವೀಪದಿಂದ ದೋಣಿ ಹತ್ತಿ ಬಂದಳು. ಮಗಳು ಯುಲಿಸ್ಮಾಳ ಮದುವೆ. ಗಂಡು ದಾರ್ವಿಸ್, ಜಮ್ರಿಯ ಜೊತೆಯಲ್ಲೇ ದೋಣಿ ಕಟ್ಟುವವನು.

"ಬಾಗಿಲಲ್ಲಿ ನಿಲ್ಲೋಕೆ ಸಲ್ಮಿಯಾ ಬೇಕು ಕಣಪ್ಪ. ಅವಳು ಬರದಿದ್ರೆ ನಾನೇ ನಿಲ್ಬೇಕು. ನನ್ನ ಬಾಯಲ್ಲಿ ಹಲ್ಲಿಲ್ಲ, ಪ್ರಾಸ ಎಲ್ಲಿ ನಿಲ್ಲತ್ತೆ?"

"ಬೇಡ ಮಾಕ್ ಲೋಂಗ್. ಅವಳು ಈಗ ಅದೆಲ್ಲ ಬಿಟ್ಟಿದ್ದಾಳೆ."

ಮುದುಕಿ ಸಲ್ಮಿಯಾಳ ಕಡೆ ತಿರುಗಿದಳು. "ಏನೇ, ಬಿಟ್ಟಿದ್ದೀಯಾ?"

ಸಲ್ಮಿಯಾ ಎದ್ದು ಒಳಗೆ ಹೋದಳು. ನಾಲ್ಕು ಬಟ್ಟೆ ಗಂಟು ಕಟ್ಟಿಕೊಂಡು ಬಂದು ಗಂಡನ ಮುಂದೆ ನಿಂತಳು. ಎರಡು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು:

"ನಾನು ಬಿಟ್ಟಿಲ್ಲ, ಬಿಡ್ಸಿದ್ರು. ಮದುವೆಗೆ ಹೋಗ್ತಿದ್ದೀನಿ. ವಾಪಸ್ ಬರ್ತೀನೋ ಇಲ್ವೋ, ನಂಗೂ ಗೊತ್ತಿಲ್ಲ."

ಜಮ್ರಿ ದೋಣಿಕಟ್ಟೆಯವರೆಗೂ ಹಿಂದೆ ಬಂದ. ಮಾಕ್ ಲೋಂಗ್‌ಳ ಕೈ ಹಿಡಿದು ದೋಣಿ ಹತ್ತಿಸಿದ. ಹೋಗಬೇಡ ಎನ್ನಲು ಅವನ ಜಂಬ ಬಿಡಲಿಲ್ಲ, ಹೋಗು ಎನ್ನಲು ಮನಸ್ಸು ಬರಲಿಲ್ಲ.

ದೊಡ್ಡಮ್ಮನ ಮನೆಯಲ್ಲಿ ಒಂಬತ್ತು ದಿನ ಕಳೆದಳು. ತೆಂಗಿನಕಾಯಿ ತುರಿಯುತ್ತ, ತೋರಣ ಹೆಣೆಯುತ್ತ ಅವಳಿಗೆ ಅವನು ನೆನಪಾಗುತ್ತಲೇ ಇದ್ದ. ಹಲಗೆಯ ಮೇಲೆ ಅಂಗೈ ಸವರಿ ಉಬ್ಬು ಹುಡುಕುವ ಅವನ ರೀತಿ. ಪ್ರಾಸವೇ ಬರದಿದ್ದರೂ ಅವಳು ಗೆದ್ದಾಗ ಮೊದಲು ಕೇಳಿಸುತ್ತಿದ್ದ ಅವನ ಚಪ್ಪಾಳೆ. ಫದ್ಲಿಯ ಮಾತಿಗೆ ಅವನು ಉರಿದ ಮೊದಲ ದಿನ ತಾನೂ ಒಂದಿಷ್ಟು ಗಾಳಿ ಹಾಕಿ ಸುಖಪಟ್ಟಿದ್ದು ಸುಳ್ಳೇ? ಅಲ್ಲ ಎಂದು ಒಪ್ಪಿಕೊಂಡಳು. ಆದರೆ ಆ ಗೀಟುಗಳು? ಅವನ್ನು ನುಂಗಲು ಆಗಲಿಲ್ಲ.

ಮದುವೆಯ ಬೆಳಿಗ್ಗೆ ಡೋಲಿನ ಸದ್ದು ಕಟ್ಟೆಯಿಂದ ಅಂಗಳಕ್ಕೆ ಬಂತು. ಈ ಮನೆಯಲ್ಲಿ ಬಟ್ಟೆಯಲ್ಲ, ಬಾಗಿಲನ್ನೇ ಮುಚ್ಚುವ ರೂಢಿ. ಸಲ್ಮಿಯಾ ಚಿಲಕ ಹಾಕಿ ಫದ್ಲಿ ಮೇಷ್ಟ್ರ ದನಿಗಾಗಿ ಕಾದಳು. ಹೊರಗೆ ಗುಸುಗುಸು. ಆಮೇಲೆ ಯಾರೋ ಕೆಮ್ಮಿದರು. ಆ ಕೆಮ್ಮು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹಲಗೆಗೆ ಹಲಗೆ ಬಿಗಿದರೆ ದೋಣಿ,
ಸಂದಿಗೆ ನಾರು, ಮೇಲೆ ರಾಳ;
ನಾನೇ ಮುಚ್ಚಿದೆ ಮಾತಿನ ಓಣಿ,
ಮನೆಯೊಳಗೀಗ ಮೌನವೆ ಬಹಳ."

ಜನ ಬೆರಗಾದರು. ಯಾರೋ, "ಲೇ ಜಮ್ರಿ, ಮದುಮಗ ನೀನಾ ದಾರ್ವಿಸಾ?" ಎಂದು ಕೂಗಿದರು. ಒಂದೇ ಒಂದು ಮೊನಚು ಮಾತು ಸಾಕಿತ್ತು, ಇಡೀ ಊರಿನ ಮುಂದೆ ಅವನನ್ನು ನೆಲಕ್ಕೆ ಕೆಡವಬಹುದಿತ್ತು. ಮಾಕ್ ಲೋಂಗ್ ಪಕ್ಕದಲ್ಲಿ ಕಣ್ಣರಳಿಸಿ ಕಾಯುತ್ತಿದ್ದಳು. ಸಲ್ಮಿಯಾ ಬಾಗಿಲಿಗೆ ಹಣೆಯಿಟ್ಟು, ಅವನೊಬ್ಬನಿಗೇ ಅರ್ಥವಾಗುವಂತೆ ಹೇಳಿದಳು:

"ಉಬ್ಬರದ ವೇಳೆ ಬಿಗಿದರೆ ಹಗ್ಗ
ದೋಣಿಗೂ ಏಟು, ಗೂಟಕ್ಕೂ ಏಟು;
ಎಂಥ ಒಲವೂ ಆಗುವುದು ಅಗ್ಗ
ಹೆಂಡತಿ ಮಾತಿಗೆ ಎಳೆದರೆ ಗೀಟು."

ಹೊರಗೆ ಒಂದು ಹೆಜ್ಜೆ ಮುಂದೆ ಬಂದ ಸದ್ದಾಯಿತು. ಆಮೇಲೆ ಜಮ್ರಿಯ ದನಿ ತಡವರಿಸುತ್ತ ಬಂತು.

"ಏಡಿಗೆ ಗೊತ್ತು ಅಡ್ಡ ನಡಿಗೆ,
ನೇರ ನಡೆಯಲು ವರ್ಷವೇ ನೂರು;
ಬಂದು... ಬಂದು..."

ಅಲ್ಲಿಗೆ ನಿಂತ. ಯಾರೋ ಕಿಸಕ್ಕೆಂದರು. ಫದ್ಲಿ ಮೇಷ್ಟ್ರು ಏನೋ ಪಿಸುಗುಟ್ಟಿ ಹೇಳಿಕೊಡಲು ಹೋದದ್ದು ಒಳಗೂ ಕೇಳಿಸಿತು. "ಬೇಡ ಮೇಷ್ಟ್ರೇ, ಇದು ನಾನೇ ಹೇಳ್ಬೇಕು," ಎಂದ ಜಮ್ರಿ. ಆಮೇಲೆ ಬಾಗಿಲಿನ ತೀರ ಹತ್ತಿರ ಬಂದು, ಪ್ರಾಸ ಗೀಸ ಎಲ್ಲ ಬಿಟ್ಟು ಹೇಳಿದ:

"ಸಲ್ಮಿಯಾ, ಮುಂದಕ್ಕೆ ಬರ್ತಿಲ್ಲ ಕಣೇ. ಒಂಬತ್ತು ದಿನ ಕೂತು ಕಟ್ಟಿದ್ದು ಇಷ್ಟೇ. ನಂಗೆ ಹೆದರಿಕೆ ಆಗಿತ್ತು. ನಿನ್ನ ಮಾತಿಗೆ ಮಾತು ಕೊಡೋನು ಒಬ್ಬ ಸಿಕ್ಕಿಬಿಟ್ನಲ್ಲ, ಇನ್ನು ಈ ಮೂಗನ ಜೊತೆ ಏನು ಬದುಕ್ತಾಳೆ ಅಂತ. ಅದಕ್ಕೇ ನಿನ್ನನ್ನೂ ಮೂಗಿ ಮಾಡೋಕೆ ಹೋದೆ. ತಪ್ಪಾಯ್ತು."

ಅಂಗಳದಲ್ಲಿ ಒಬ್ಬರೂ ನಗಲಿಲ್ಲ. ಅಷ್ಟು ಜನರ ಮುಂದೆ, ಕೈ ಕೆಳಗಿನ ಕೆಲಸಗಾರರ ಮುಂದೆ, ಜಮ್ರಿ ತಪ್ಪಾಯ್ತು ಎಂದಿದ್ದ. ಸಲ್ಮಿಯಾ ಕಣ್ಣೊರೆಸಿಕೊಂಡು, ಅವನು ಅರ್ಧಕ್ಕೆ ಬಿಟ್ಟ ಪಾಂತುನ್ನಿಗೆ ಒಳಗಿನಿಂದಲೇ ಕೊನೆಯ ಎರಡು ಸಾಲು ಸೇರಿಸಿದಳು:

"ಬಂದಾಯಿತಲ್ಲ ಬಾಗಿಲ ಬಳಿಗೆ,
ಇಷ್ಟಕ್ಕೆ ಮುಗಿಯಿತು ನನ್ನ ದೂರು."

ಚಿಲಕ ತೆಗೆದಳು. ಎದುರಿಗೆ ಅವನು, ಬೆವರಿನಿಂದ ತೊಯ್ದ ರೇಷ್ಮೆ ಅಂಗಿಯಲ್ಲಿ, ತಲೆಯ ಮೇಲಿನ ಟೋಪಿ ಓರೆಯಾಗಿ. ಅವಳು ಟೋಪಿ ಸರಿಮಾಡಿದಳು. "ಸ್ವಲ್ಪ ಸರಿಯಿರಿ, ಮದುಮಗನಿಗೆ ದಾರಿ ಬಿಡಿ!" ಎಂದು ಮಾಕ್ ಲೋಂಗ್ ಇಬ್ಬರನ್ನೂ ಪಕ್ಕಕ್ಕೆ ತಳ್ಳಿದಳು.

ಊಟ ಮುಗಿದ ಮೇಲೆ ಇಬ್ಬರೂ ಕಟ್ಟೆಯ ಮೆಟ್ಟಿಲ ಮೇಲೆ ಕೂತರು. ನೀರು ಇಳಿಯುತ್ತಿತ್ತು.

"ಮನೆಗೆ ಬರ್ತೀಯಾ?"

"ಬರ್ತೀನಿ. ಆದ್ರೆ ಮದುವೆಗಳಿಗೆ ಹೋಗ್ತೀನಿ. ಮೊದ್ಲೇ ಬರೆದು ತೋರಿಸಲ್ಲ."

"ತೋರಿಸ್ಬೇಡ."

"ನಂದೂ ತಪ್ಪಿದೆ. ನಿಮಗೆ ಉರಿದಾಗ ನಂಗೆ ಒಳಗೊಳಗೇ ಖುಷಿಯಾಗಿತ್ತು. ಆಮೇಲೆ ಮಾತು ನಿಲ್ಲಿಸಿ ಸಾಯಿಸಿದೆ."

"ಸಾಯಿಸಿದೆ," ಎಂದು ಅವನು ಒಪ್ಪಿದ. ಆಮೇಲೆ ಕೇಳಿದ: "ಮತ್ತೆ ಹೊಟ್ಟೆಕಿಚ್ಚು ಬಂದ್ರೆ ಏನ್ಮಾಡ್ಲಿ? ಬರಲ್ಲ ಅಂತ ಸುಳ್ಳು ಹೇಳಲಾರೆ."

"ಬಂತು ಅಂತ ಬಾಯ್ಬಿಟ್ಟು ಹೇಳಿ. ಅಷ್ಟೇ. ಉಳಿದಿದ್ದು ನಾನು ನೋಡ್ಕೋತೀನಿ."

ಅಷ್ಟರಲ್ಲಿ ಫದ್ಲಿ ಮೇಷ್ಟ್ರು ದೋಣಿ ಹತ್ತಲು ಆ ದಾರಿಯಾಗಿ ಬಂದ. ಇಬ್ಬರನ್ನೂ ನೋಡಿ ನಕ್ಕು, "ಸಲ್ಮಿಯಾ ಅಕ್ಕ, ಆ ಕೊನೇ ಎರಡು ಸಾಲು... ಅಂಥದ್ದು ನಾನು ಈ ಜನ್ಮದಲ್ಲಿ ಕೇಳಿಲ್ಲ!" ಎಂದು ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಹೋದ.

ಸಲ್ಮಿಯಾ ಓರೆಗಣ್ಣಲ್ಲಿ ಗಂಡನನ್ನು ನೋಡಿದಳು. ಅವನು ನೀರನ್ನೇ ನೋಡುತ್ತ ಕೂತಿದ್ದ.

"ಬಂತು," ಎಂದ ಜಮ್ರಿ.

ಅವಳು ನಗುತ್ತ ಅವನ ತೋಳಿಗೆ ತಲೆಯೊರಗಿಸಿದಳು.