ಸುಣ್ಣದ ಕೆಳಗಿನ ಇರುವೆ

ಮೊದಲನೇ ಕಲ್ಲು ಅವಳ ತಲೆಯಿಂದ ಒಂದು ಗೇಣು ಮೇಲೆ ಗೋಡೆಗೆ ಬಡಿದು ಪುಡಿಯಾಯಿತು.

ಎರಡನೆಯದು ಗೋಡೆಗೆ ಬಡಿಯಲಿಲ್ಲ.

ಎಡಹುಬ್ಬಿನ ಮೇಲೆ ಸಿಡಿಲು ಬಿದ್ದಂತಾಯಿತು. ಸುಣ್ಣದ ಬಕೆಟ್ಟು ಕೈಜಾರಿ ಕೆಳಗೆ ಬಿತ್ತು. ಏಣಿ ವಾಲಿತು... ಅವಳು ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡಳು. ಕಣ್ಣಿಗಿಳಿದ ರಕ್ತದಲ್ಲಿ ಬೆಳಗಿನ ಬೀದಿಯೆಲ್ಲ ಕೆಂಪಾಗಿ ತೇಲಿತು.

ರೆಪ್ಪೆ ಒರೆಸಿಕೊಂಡು ಕೆಳಗೆ ನೋಡಿದರೆ ಐವತ್ತು ಜನ. ಎಲ್ಲರ ಕೊರಳಲ್ಲೂ ಫುಟ್‌ಬಾಲ್ ತಂಡದ ನೀಲಿ ಸ್ಕಾರ್ಫು. ಎಲ್ಲರಿಗಿಂತ ಮುಂದೆ, ಹೆಗಲಿಗೆ ದೊಡ್ಡ ಡೋಲು ತೂಗುಹಾಕಿಕೊಂಡ ಒಬ್ಬ. ಅವನ ಕೈಯಲ್ಲಿ ಒಂದು ಕಲ್ಲು. ಕಲ್ಲಿಗೆ ಅವಳದೇ ರಕ್ತ ಮೆತ್ತಿತ್ತು.

ಅವಳು ಇಳಿದಳು, ಒಂದೊಂದೇ ಮೆಟ್ಟಿಲು. ನೆಟ್ಟಗೆ ಅವನ ಮುಂದೆ ಹೋಗಿ ನಿಂತು, ಸುಣ್ಣದ ಕೈಯಲ್ಲೇ ಕೆನ್ನೆಗೆ ಬಾರಿಸಿದಳು.

ಐದೂ ಬೆರಳು ಬೆಳ್ಳಗೆ ಮೂಡಿದವು.

"ಏಣಿ ಮೇಲಿರೋ ಹೆಣ್ಣಿಗೆ ಕಲ್ಲು ಹೊಡಿಯೋ ಶೂರನಿಗೆ ಡೋಲು ಬೇರೆ ಕೇಡು."

ಹಿಂದಿನಿಂದ ಇಬ್ಬರು ನುಗ್ಗಿದರು. ಅವನು ತಿರುಗಿ ನೋಡದೆಯೇ ಮೊಣಕೈಯಿಂದ ಒಬ್ಬನ ಎದೆಗೆ ತಿವಿದ.

"ಒಂದು ಹೆಜ್ಜೆ ಮುಂದಿಟ್ರೆ ಕಾಲು ಮುರೀತೀನಿ," ಎಂದ ಅವರಿಗೆ. ಆಮೇಲೆ ಅವಳನ್ನು ನೋಡಿದ. ಆ ಕಣ್ಣಲ್ಲಿ ಸಿಟ್ಟಿತ್ತು. ಸಿಟ್ಟಿನ ಹಿಂದೆ ಇನ್ನೇನೋ ಇತ್ತು... ಅಳು ನುಂಗಿದವರ ಕಣ್ಣು ಹಾಗಿರುತ್ತದೆ.

"ಇಷ್ಟೆತ್ತರದ ಹೆಸರನ್ನ ಅಳಿಸಿದೆ. ಹೋಗಲಿ ಅಂದ್ರೆ ಆ ಇರುವೆನೂ ಬಿಡಲಿಲ್ಲವಲ್ಲ ನೀನು?"

ಅವಳ ತುಟಿಯವರೆಗೆ ಒಂದು ಮಾತು ಬಂತು. ಬಂದದ್ದು ಅಲ್ಲೇ ನಿಂತಿತು.

*

ಅವನಿಗೆ ಎಲ್ಲರೂ ನಗಾರಿ ಅನ್ನುತ್ತಿದ್ದರು. ವಾರವೆಲ್ಲ ಲೇತ್ ಮೆಷಿನ್ನಿನ ಮುಂದೆ ಕಬ್ಬಿಣ ಕಡೆಯುವವನು, ಪಂದ್ಯದ ದಿನ ಪೂರ್ವದ ಗ್ಯಾಲರಿಯ ಎದೆಬಡಿತ. ಅವಳು ಬೋರ್ಡು ಬರೆಯುವವಳು. ಬೀದಿಯವರ ಬಾಯಲ್ಲಿ ಕುಂಚಮ್ಮ.

ಗಿರಣಿ ಮೈದಾನ. ಅದೇ ಆ ಗೋಡೆಯ ಮೇಲಿದ್ದ ಹೆಸರು. ಗಿರಣಿಯ ಕೂಲಿಗಳು ಪಾಳಿ ಮುಗಿಸಿ ಬಂದು ಮಣ್ಣು ಹೊತ್ತು ಕಟ್ಟಿದ ಮೈದಾನವದು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಹೆಸರು ಮುಚ್ಚಿರಲಿಲ್ಲ. ಆಳೆತ್ತರದ ನೀಲಿ ಅಕ್ಷರಗಳು. ಕೊನೆಯ ಅಕ್ಷರದ ಬುಡದಲ್ಲಿ ಹೆಬ್ಬೆರಳಿನಷ್ಟು ಒಂದು ಕಪ್ಪು ಇರುವೆ. ಪಂದ್ಯಕ್ಕೆ ಹೋಗುವ ಮುಂಚೆ ಮಕ್ಕಳು ಹಾರಿ ಅದನ್ನು ಮುಟ್ಟಬೇಕು, ಮುಟ್ಟಿದರೆ ಗೆಲುವು.

ಈಗ ಒಂದು ಹಾಸಿಗೆ ಕಂಪನಿ, ಹೊಸ ಚಾವಣಿಗೆ ದುಡ್ಡು ಕೊಡುವುದಾಗಿ ಹೇಳಿ, ಹತ್ತು ವರ್ಷ ಆ ಜಾಗದಲ್ಲಿ ತನ್ನ ಹೆಸರು ಹಾಕುವ ಹಕ್ಕನ್ನು ಕೊಂಡಿತ್ತು.

ಹುಬ್ಬಿಗೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದ ಮೊಮ್ಮಗಳ ತಲೆಯನ್ನು ಅಜ್ಜಿ ತೊಡೆಯ ಮೇಲಿಟ್ಟುಕೊಂಡಳು.

"ಒಬ್ಬ ರಾಕ್ಷಸ ಇದ್ದನಂತೆ. ಅವನ ಪ್ರಾಣ ಅವನ ಮೈಯಲ್ಲಿ ಇರಲಿಲ್ಲವಂತೆ, ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿತ್ತಂತೆ... ಹೂಂ ಅನ್ನು ಕೂಸೇ. ಹೂಂ ಅನ್ನೋರಿಲ್ಲದಿದ್ರೆ ಕಥೆ ನಡಿಯಲ್ಲ."

"ಹೂಂ."

"ನಿನ್ನಜ್ಜನ ಪ್ರಾಣ ಆ ಇರುವೇಲಿದೆ. ಕೆರೀಲಿಲ್ಲ ತಾನೇ?"

"ಇಲ್ಲ ಅಜ್ಜಿ."

ಹೌದು. ಆ ಅಕ್ಷರಗಳನ್ನು ಬರೆದದ್ದು ಅವಳ ಅಜ್ಜ. ಇರುವೆ ಅವನ ಗುರುತು. ಅವನಿಂದ ಬಂದ ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಗೂ ಅದೇ ಇರುವೆ ಇತ್ತು.

ಕಂಪನಿಯವರು ಹೇಳಿದ್ದು, ಹಳೆಯದನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆದು ಹೊಸದು ಬರಿ ಅಂತ. ಅವಳು ಉಜ್ಜಿರಲಿಲ್ಲ. ಅಜ್ಜ ಕಲಿಸಿದ ಮಾತೊಂದಿತ್ತು: ಎಣ್ಣೆ ಬಣ್ಣದ ಮೇಲೆ ಸುಣ್ಣ ಕೂರಲ್ಲ, ಸುಮ್ಮನೆ ಹೊದ್ದುಕೊಂಡಿರುತ್ತೆ. ಮೇಲೆ ಸಿಮೆಂಟಿನ ಸಜ್ಜಾ ಇದೆ, ಮಳೆ ತಾಗಲ್ಲ. ಹತ್ತು ವರ್ಷ ಕಳೆದ ಮೇಲೆ ಒಂದು ಬಕೆಟ್ ನೀರು ಸಾಕು, ಹೆಸರು ಎದ್ದು ಬರುತ್ತೆ.

ಆದರೆ ಯಾರಿಗೂ ಹೇಳುವ ಹಾಗಿಲ್ಲ. ಗೊತ್ತಾದರೆ ಕಂಪನಿಯವರು ಮೆಷಿನ್ ತಂದು ಇಟ್ಟಿಗೆಯವರೆಗೂ ಕೆರೆಸುತ್ತಾರೆ. ಬೋರ್ಡು ಬರೆಯುವ ಕೆಲಸ ಅವಳಿಗೆ ಮತ್ತೆ ಯಾರೂ ಕೊಡುವುದಿಲ್ಲ.

'ಅವನೊಬ್ಬನಿಗೆ ಹೇಳಿದ್ದರೆ...' ಎಂದಿತು ಮನಸ್ಸು.

'ಕಲ್ಲು ಹೊಡೆದವನಿಗಾ? ಬಾಯಿ ಮುಚ್ಚಿಕೊಂಡಿರು,' ಎಂದಿತು ಹುಬ್ಬಿನ ಹೊಲಿಗೆ.

*

ಮೂರನೇ ದಿನ ಮೈದಾನದೆದುರಿನ ಚಹಾದಂಗಡಿಯಲ್ಲಿ ಅವಳ ಮೇಜಿನ ಮೇಲೆ ಯಾರೋ ಒಂದು ಹಳದಿ ಹೆಲ್ಮೆಟ್ ಇಟ್ಟರು.

ನಗಾರಿ.

"ನಮ್ಮ ವರ್ಕ್‌ಶಾಪಿಂದು. ಇದನ್ನ ಹಾಕ್ಕೊಂಡು ಏಣಿ ಹತ್ತು."

"ಕಲ್ಲೂ ನಿಂದೇ, ಹೆಲ್ಮೆಟ್ಟೂ ನಿಂದೇ. ಒಳ್ಳೆ ವ್ಯಾಪಾರ."

ಅವನು ಎದುರಿಗೆ ಕೂತ. ಅವನ ಅಗಲವಾದ ಅಂಗೈಯ ತುಂಬ ಲೋಹದ ಚೂರು ಚುಚ್ಚಿದ ಕಲೆಗಳು.

"ಮೊದಲನೇ ಕಲ್ಲು ನಂದು. ಗೋಡೆಗೆ ಹೊಡೆದೆ. ಎರಡನೇದು ನಂದಲ್ಲ, ಬಿದ್ದಿದ್ದನ್ನ ಎತ್ಕೊಂಡಿದ್ದೆ ಅಷ್ಟೆ. ಆದ್ರೆ..." ಅವನು ಅವಳ ಹುಬ್ಬನ್ನು ನೋಡಿ ತಲೆ ತಗ್ಗಿಸಿದ. "ಮೊದಲನೇದು ಇಲ್ಲದಿದ್ರೆ ಎರಡನೇದು ಬರ್ತಿರಲಿಲ್ಲ. ಅದಕ್ಕೇ ಹೊಡೆಸ್ಕೊಂಡೆ."

ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಅವಳು ಅಜ್ಜಿಯ ಕಥೆಯಲ್ಲೂ ಕಂಡಿರಲಿಲ್ಲ.

"ಈ ಕೆಲಸ ಬಿಟ್ಟುಬಿಡು," ಎಂದ ಮೆಲ್ಲಗೆ.

"ನಾನು ಬಿಟ್ರೆ ಇನ್ನೊಬ್ರು ಬರ್ತಾರೆ."

"ಬರಲಿ. ಅದು ನೀನಾಗೋದು ಬೇಡ."

ಅಷ್ಟರಲ್ಲಿ ಅಂಗಡಿಯ ಬಾಗಿಲು ತುಂಬಿತು. ಟೈರಣ್ಣ, ಅವನ ಬೆನ್ನಿಗೆ ಎಂಟು ಹತ್ತು ಜನ. ಟೈರಿನಂಗಡಿ ಯಜಮಾನ ಅವನು, ಅದೇ ತಂಡದ ಅಭಿಮಾನಿ. ಕೊರಳಲ್ಲಿ ಅದೇ ನೀಲಿ ಸ್ಕಾರ್ಫು.

"ಏನೋ ನಗಾರಿ, ಹೆಸರು ಹೆಸರು ಅಂತ ಬಡ್ಕೊಳ್ತೀಯ. ಹೋದ ವರ್ಷ ಚಾವಣಿ ಶೀಟು ಬಿದ್ದು ನನ್ನ ತಮ್ಮನ ಭುಜ ಹೋಯ್ತು. ನಿನ್ನ ಹೆಸರು ಬಂದು ಶೀಟು ಹಿಡ್ಕೊಂಡಿತಾ?"

"ಚಾವಣಿ ಹಾಕಬೇಡಿ ಅಂದೋರು ಯಾರಣ್ಣಾ? ಟಿಕೆಟ್ ಬೆಲೆ ಏರಿಸಿದ್ರು, ನಮ್ಮ ಗ್ಯಾಲರಿ ಅರ್ಧ ಖಾಲಿ. ಕಂಪನಿಯ ನೆಂಟರು ಮೆತ್ತನೆ ಸೀಟಲ್ಲಿ ಕೂತು ಎದುರಾಳಿ ಗೋಲಿಗೂ ಚಪ್ಪಾಳೆ ತಟ್ತಾರೆ. ಖಾಲಿ ಕುರ್ಚಿ ಹಾಡುತ್ತಾ?"

"ಹಾಡಿಗೆ ಸಂಬಳ ಕೊಡ್ತೀಯಾ ಆಟಗಾರರಿಗೆ? ಅವರ ಬೂಟು ಹೊಲಿಸೋಕೂ ದುಡ್ಡು ಬೇಕು."

ಮೂಲೆಯಲ್ಲಿದ್ದ ಮುದುಕ ಲೋಟ ಇಟ್ಟ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ರು. ಈಗ ಹಾಸಿಗೆಯವನೇ ಬಂದು ನಮ್ಮ ಕಾಲು ಅಳೀತಿದ್ದಾನೆ."

ಅಂಗಡಿಯೆಲ್ಲ ನಕ್ಕಿತು. ಟೈರಣ್ಣ ನಗಲಿಲ್ಲ.

"ಕುಂಚಮ್ಮಾ, ನೀನು ಹೇಳು. ಬರಿಯೋಳು ನೀನು."

ಎಲ್ಲರ ಕಣ್ಣೂ ಅವಳ ಮೇಲೆ. ನಗಾರಿಯ ಕಣ್ಣೂ.

"ದುಡ್ಡಿಲ್ಲದೆ ಗೋಡೆ ನಿಲ್ಲಲ್ಲ," ಎಂದಳು. "ಆದರೆ—"

ಆದರೆಯ ಮುಂದಿನದು ಯಾರಿಗೂ ಕೇಳಲಿಲ್ಲ. ಟೈರಣ್ಣನ ಕಡೆಯವರು ಕೇಕೆ ಹಾಕಿದರು. ಒಬ್ಬ, ನಗಾರಿ ನೆಲದ ಮೇಲಿಟ್ಟಿದ್ದ ಡೋಲಿಗೆ ಕಾಲಿಂದ ಒದ್ದ. ಚರ್ಮ ಹರಿದ ಸದ್ದು ಬಟ್ಟೆ ಸೀಳಿದಂತೆ ಕೇಳಿತು.

ನಗಾರಿ ಮೇಜು ದಾಟಿ ಅವನ ಮೇಲೆ ಬಿದ್ದ.

ಲೋಟಗಳು ಒಡೆದವು, ಬೆಂಚು ಎರಡಾಯಿತು. ಯಾರದೋ ಹಲ್ಲು ಅವಳ ಕಾಲ ಬಳಿ ಉರುಳಿತು. ಒಂದೇ ತಂಡಕ್ಕೆ ಪ್ರಾಣ ಬಿಡುತ್ತೇವೆ ಅನ್ನುವವರು ಒಬ್ಬರ ಪ್ರಾಣ ಒಬ್ಬರು ತೆಗೆಯಲು ನಿಂತಿದ್ದರು. ಕೊನೆಗೆ ಅಂಗಡಿಯವನು ಕುದಿಯುವ ಕೆಟಲ್ ಎತ್ತಿ ಬೆದರಿಸಿದಾಗಲೇ ಎಲ್ಲರೂ ಬಿಟ್ಟದ್ದು.

ಮೂಗಿನಿಂದ ರಕ್ತ ಸುರಿಸುತ್ತ ನಗಾರಿ ಹರಿದ ಡೋಲು ಎತ್ತಿಕೊಂಡ. ಅವಳ ಮುಂದೆ ಒಂದು ಕ್ಷಣ ನಿಂತ.

"ನಿನ್ನನ್ನ ಬೇರೆ ಥರ ಅಂದ್ಕೊಂಡಿದ್ದೆ."

ಹೆಲ್ಮೆಟ್ ಮಾತ್ರ ಮೇಜಿನ ಮೇಲೇ ಉಳಿಯಿತು. ಅವಳು ಅದನ್ನು ಮನೆಗೊಯ್ದು, ಒಳಗೆ ಮುಖವಿಟ್ಟು ಅತ್ತಳು. ಕಬ್ಬಿಣದ, ಬೆವರಿನ ವಾಸನೆ...

*

ಹೊಸ ಹೆಸರಿನ ಮೊದಲ ಪಂದ್ಯ. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು.

ಪೂರ್ವದ ಗ್ಯಾಲರಿಯವರು ಒಳಗೆ ಹೋಗಲಿಲ್ಲ. ಗೋಡೆಯ ಮುಂದೆ ಕೈಕೈ ಹಿಡಿದು ನಿಂತರು. ಟೈರಣ್ಣನ ಗುಂಪು ಗೇಟಿನಿಂದ ಬಂತು. ಮೊದಲು ಬೈಗುಳ ಹಾರಿತು, ಆಮೇಲೆ ಬಾಟಲಿ, ಆಮೇಲೆ ಕಬ್ಬಿಣದ ಪೈಪು.

ಹೊಸ ಅಕ್ಷರಗಳ ಅಂಚು ತಿದ್ದುತ್ತಿದ್ದ ಅವಳು ಏಣಿಯ ಮೇಲಿಂದ ಎಲ್ಲವನ್ನೂ ಕಂಡಳು. ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು.

ನಾಲ್ವರು ನಗಾರಿಯನ್ನು ಗೋಡೆಗೆ ಒತ್ತಿದ್ದರು. ಅವನು ಒಬ್ಬನ ದವಡೆಗೆ ಗುದ್ದಿದ, ಇನ್ನೊಬ್ಬನನ್ನು ತಲೆಯಿಂದ ಹಾಯ್ದ. ಮೂರನೆಯವನ ಪೈಪು ಗಾಳಿಯಲ್ಲಿ ಎದ್ದಿತು. ಡೋಲು ಬಾರಿಸುವ ಕೈ ಅಡ್ಡ ಬಂತು.

ಒಣಕಡ್ಡಿ ಮುರಿದಂತೆ ಒಂದು ಸದ್ದು.

ಅವನು ಮೊಣಕಾಲೂರಿದ. ಪೈಪು ಮತ್ತೆ ಎದ್ದಿತು, ಈ ಸಲ ತಲೆಯ ಮೇಲಕ್ಕೆ.

'ಅಜ್ಜಾ, ಕ್ಷಮಿಸು. ಹತ್ತು ವರ್ಷ ಕಾಯೋಕಾಗಲ್ಲ.'

ಅವಳು ಏಣಿಯಿಂದ ಧುಮುಕಿದಳು. ಗೇಟಿನ ಪಕ್ಕ ಹುಲ್ಲಿಗೆ ನೀರು ಹಾಯಿಸುವ ದಪ್ಪ ರಬ್ಬರ್ ಪೈಪು ಬಿದ್ದಿತ್ತು. ನಲ್ಲಿಯ ಗಾಲಿ ತಿರುಗಿಸಿದಳು. ನೀರು ಹಾವಿನಂತೆ ಹೆಡೆಯೆತ್ತಿ ಕಬ್ಬಿಣದ ಪೈಪು ಹಿಡಿದವನ ಮುಖಕ್ಕೆ ಅಪ್ಪಳಿಸಿತು. ಜಗಳಾಡುವ ನಾಯಿಗಳನ್ನು ಬಿಡಿಸುವಂತೆ ಗುಂಪನ್ನೆಲ್ಲ ತೋಯಿಸಿದಳು. ಆದರೂ ಅವರು ಎದ್ದು ಮತ್ತೆ ನುಗ್ಗಿದರು.

ಆಗ ಅವಳು ನೀರನ್ನು ಗೋಡೆಗೆ ತಿರುಗಿಸಿದಳು.

ಕಂಪನಿಯ ಕೆಂಪು ಅಕ್ಷರಗಳು ಹಾಲಿನ ಕೆನೆಯಂತೆ ಸುಕ್ಕಾದವು. ಸುಣ್ಣ ಬಿಳಿ ಹೊಳೆಯಾಗಿ ಇಳಿಯಿತು. ಅದರ ಹಿಂದಿನಿಂದ ಮೊದಲು ಒಂದು ನೀಲಿ ಕೊಂಬು, ಆಮೇಲೆ ಒಂದು ನೀಲಿ ಬಾಗು...

ಗಿ.

ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ರಣಿ. ಮೈದಾನ. ಒಂದು ಗೀರೂ ಇಲ್ಲದೆ, ನಿನ್ನೆ ಬರೆದಂತೆ. ಕೊನೆಯಲ್ಲಿ, ಮೊಣಕಾಲೂರಿದ ನಗಾರಿಯ ತಲೆಯ ಮೇಲ್ಗಡೆಯೇ, ಸುಣ್ಣದ ನೀರಿನೊಳಗಿಂದ ಒಂದು ಕಪ್ಪು ಇರುವೆ.

"ಅಳಿಸಿರಲಿಲ್ಲ," ಎಂದಳು ಅವಳು. "ಹೊದಿಸಿದ್ದೆ. ಇದನ್ನ ಬರೆದೋನು ನನ್ನಜ್ಜ. ಅವತ್ತು 'ಆದರೆ' ಅಂದೆನಲ್ಲ, ಪೂರ್ತಿ ಕೇಳಿ. ದುಡ್ಡಿಲ್ಲದೆ ಗೋಡೆ ನಿಲ್ಲಲ್ಲ, ನಿಜ. ಹೀಗೆ ಹೊಡೆದಾಡಿ ಸತ್ರೆ ಗೋಡೆ ಮುಂದೆ ನಿಲ್ಲೋಕೆ ಯಾರಿರ್ತೀರಿ?"

ಟೈರಣ್ಣ ಮುಖದ ನೀರೊರೆಸಿಕೊಂಡು ಗೋಡೆಯ ಹತ್ತಿರ ಬಂದ. ದಪ್ಪ ಬೆರಳು ಚಾಚಿ ಇರುವೆಯನ್ನು ಮುಟ್ಟಿದ.

"ಚಿಕ್ಕವನಿದ್ದಾಗ ಇದು ನನ್ನ ತಮ್ಮನಿಗೆ ಎಟುಕ್ತಿರಲಿಲ್ಲ. ನಾನೇ ಎತ್ತಿ ಹಿಡೀತಿದ್ದೆ," ಎಂದ ಯಾರಿಗೂ ಅಲ್ಲದಂತೆ. ಆಮೇಲೆ ತನ್ನವನ ಕೈಯಿಂದ ಪೈಪು ಕಿತ್ತು ಚರಂಡಿಗೆಸೆದ. "ಅಂಗಿ ಮೇಲೆ ಬರ್ಕೊಳ್ಳಲಿ, ಟಿಕೆಟ್ ಮೇಲೆ ಬರ್ಕೊಳ್ಳಲಿ. ಕಂಪನಿಯವರ ಹತ್ರ ನಾನು ಮಾತಾಡ್ತೀನಿ. ಗೋಡೆ ಬೇಡ."

"ಒಪ್ಪದಿದ್ರೆ? ಚಾವಣಿ?" ಎಂದ ಯಾರೋ.

"ನೆನೀತೀವಿ. ಇಷ್ಟು ದಿನ ಏನು ಒಣಗಿದ್ವಾ? ಏ, ಇವನನ್ನ ಎತ್ತಿ, ಆಸ್ಪತ್ರೆಗೆ ನಡೀರಿ."

*

ಸಂಜೆ ಆಸ್ಪತ್ರೆಯ ಕಿಟಕಿಯಿಂದ ತಿಳಿ ಬಿಸಿಲು ಬಿದ್ದಿತ್ತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ನಗಾರಿ ಮಂಚದ ಮೇಲೆ ಕೂತಿದ್ದ. ಅವಳು ಬಣ್ಣದ ಪೆಟ್ಟಿಗೆ ತೆರೆದಳು. ಮುಚ್ಚಳದೊಳಗಿನ ಇರುವೆಯನ್ನು ಅವನು ಬಹಳ ಹೊತ್ತು ನೋಡಿದ.

"ಒಂದು ಮಾತು ಹೇಳಬಾರದಿತ್ತಾ ನನಗೆ?"

"ಹೇಳಿದ್ರೆ ಗ್ಯಾಲರಿಗೆಲ್ಲ ಡೋಲು ಬಾರಿಸಿ ಸಾರ್ತಿದ್ದೆ."

ಅವನು ನಕ್ಕ. ಒಡೆದ ತುಟಿ ನೋವಾಗಿ ನಗು ಅರ್ಧಕ್ಕೆ ನಿಂತಿತು.

"ಕಂಪನಿಯವರು ಏನಂದ್ರು?"

"ಗೋಡೆ ಮಾತು ಇನ್ನೂ ನಡೀತಿದೆ. ಈ ಊರಲ್ಲಿ ನಿನಗೆ ಇನ್ನು ಬೋರ್ಡಿನ ಕೆಲಸ ಇಲ್ಲ ಅಂದ್ರು ನನಗೆ. ಟೈರಣ್ಣ ಅವರ ಅಂಗಡಿ ಬೋರ್ಡು ಬರಿ ಅಂತ ಆಗಲೇ ಹೇಳಿ ಕಳಿಸಿದ್ದಾರೆ." ಅವಳು ಕುಂಚ ಅದ್ದಿ ಅವನ ಪ್ಲಾಸ್ಟರಿನ ಮೇಲೆ ಬಾಗಿದಳು. "ಅಲ್ಲಾಡಬೇಡ."

ಪುಟ್ಟ ತಲೆ. ಪುಟ್ಟ ಹೊಟ್ಟೆ. ಆರು ಕಾಲು. ಅವಳ ಉಸಿರು ಅವನ ಬೆರಳ ತುದಿಗೆ ತಾಗುತ್ತಿತ್ತು.

"ಇದನ್ನ ಬಿಚ್ಚಿದ ಮೇಲೆ ಇರುವೆ ಹೋಗುತ್ತಲ್ಲ?"

"ಬರಿ ಕೈ ಮೇಲೆ ಬರೀತೀನಿ."

"ಬೆವರಿಗೆ ಅಳಿಸಿಹೋಗುತ್ತೆ. ನಾನು ಡೋಲು ಬಾರಿಸೋನು."

"ದಿನಾ ಬರೀತೀನಿ."

ಅವನು ಒಳ್ಳೆಯ ಕೈಯನ್ನು ಮೆಲ್ಲಗೆ ಎತ್ತಿ, ಅವಳ ಹುಬ್ಬಿನ ಹೊಲಿಗೆಯ ಪಕ್ಕದಲ್ಲಿ, ತಾಗಿಯೂ ತಾಗದಂತೆ ಬೆರಳಿಟ್ಟ.

"ದಿನಾ ಅಂದ್ರೆ... ಜೀವಮಾನದ ಕೆಲಸ ಅದು. ಯೋಚಿಸಿ ಹೇಳ್ತಿದೀಯಾ?"

"ಹೆಲ್ಮೆಟ್ ಕೊಟ್ಟ ದಿನವೇ ಯೋಚಿಸಿಯಾಯ್ತು." ಅವಳು ತಲೆಯೆತ್ತಲಿಲ್ಲ. ಕಿವಿಯ ತುದಿ ಕೆಂಪಾಗಿತ್ತು. "ನಾಳೆ ಮನೆಗೆ ಬಾ. ಕಲ್ಲು ಹೊಡೆದೋನ ಮುಖ ನೋಡಬೇಕಂತೆ ಅಜ್ಜಿಗೆ."

"ಬರಿಗೈಲಿ ಹೇಗೆ ಬರಲಿ?"

"ಏನೂ ತರಬೇಡ. ಅಜ್ಜಿ ಕಥೆ ಶುರು ಮಾಡ್ತಾಳೆ. ಮಧ್ಯೆ ಮಧ್ಯೆ ಹೂಂ ಅನ್ನಬೇಕು. ನಮ್ಮನೇಲಿ ಅಷ್ಟು ಬಂದ್ರೆ ಸಾಕು. ಅನ್ನೋಕೆ ಬರುತ್ತಾ ನಿನಗೆ?"

ಅವನು ಅವಳ ಸುಣ್ಣ ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡ.

"ಹೂಂ," ಎಂದ.