ಶೂ ರ‍್ಯಾಕಿನ ಸರ್ವರ್

ತಲೆ ಕೆಳಗೆ, ಕಾಲು ಮೇಲೆ!

ಯೋಚನೆ ಮಾಡಲು ಅದು ಒಳ್ಳೆಯ ಭಂಗಿಯಲ್ಲ, ನನ್ನ ಮಾತು ನಂಬಿ. ಲಾರಿ ಎಂಜಿನ್ ಎತ್ತುವ ಸರಪಳಿಗೆ ನನ್ನ ಎರಡೂ ಪಾದ ಬಿಗಿದಿದ್ದರು. ಕೆಳಗೆ ಹಳೆಯ ಟಯರುಗಳ ಗುಡ್ಡೆ. ಜೇಬಿನಿಂದ ಬಾಚಣಿಗೆ ಬಿತ್ತು, ಪೆನ್ನು ಬಿತ್ತು, ಕೊನೆಗೆ ವಿಸಿಟಿಂಗ್ ಕಾರ್ಡುಗಳೂ ಉದುರಿದವು. 'ಖಾಸಗಿ ಪತ್ತೇದಾರ. ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ' ಎಂದು ಅವುಗಳ ಮೇಲೆ ಅಚ್ಚಾಗಿತ್ತು.

ಎದುರಿಗೆ ಸ್ಪ್ಯಾನರ್ ಅಣ್ಣ ಕೂತಿದ್ದ. ಅವನ ಹೆಸರು ಹೇಳಿದರೆ ಈ ಊರಿನ ಅಂಗಡಿಗಳ ಶಟರ್ ತಾವಾಗಿಯೇ ಇಳಿಯುತ್ತವೆ. ತೊಡೆಯ ಮೇಲೆ ಮೊಳದುದ್ದದ ಸ್ಪ್ಯಾನರು. ಕಣ್ಣು ಕೆಂಪು... ಸಿಟ್ಟಿನಿಂದ ಅಲ್ಲ. ಅವನು ಅತ್ತಿದ್ದ!

"ಯಾರು?"

"ಯಾರು ಅಂದ್ರೆ... ಯಾರಣ್ಣ?"

"ನನ್ನ ಕುಂಬಳಕಾಯಿ ತೋಟಕ್ಕೆ ಬೆಂಕಿ ಇಟ್ಟಿದ್ದು ಯಾರು?"

"ನಿಮಗೆ ತೋಟ ಇದೆ ಅಂತಲೇ ನಂಗೊತ್ತಿಲ್ಲ ಅಣ್ಣ!"

"ನಿನ್ನ ಮನೇಲೇ ಇದೆಯಲ್ಲೋ! ನಿನ್ನ ಸರ್ವರ್ ಒಳಗೆ!"

ಅವನ ಬಂಟ ಗೂಳಿ ಸರಪಳಿಯನ್ನು ಒಂದು ಗೇಣು ಇಳಿಸಿದ. ನನಗೆ ಎಲ್ಲ ಅರ್ಥವಾಯಿತು.

ಆರು ತಿಂಗಳ ಹಿಂದೆ ನನಗೊಂದು ಹುಚ್ಚು ಹಿಡಿದಿತ್ತು. ಕಡಿಮೆ ಖರ್ಚಿನಲ್ಲಿ ಮನೆಗೊಂದು ಸರ್ವರ್! ಸರ್ವರ್ ಎಂದರೆ ಮಹಾ ಏನಲ್ಲ, ಸದಾ ಆನ್ ಆಗಿರುವ ಒಂದು ಕಂಪ್ಯೂಟರ್. ಅತ್ತೆಯ ಸೀರಿಯಲ್ಲು, ಹಳೆಯ ಸಿನಿಮಾ ಎಲ್ಲ ಅದರಿಂದಲೇ ಟಿವಿಗೆ ಬರಬೇಕು. ಬಾಮೈದ ಮತ್ತವನ ಗೆಳೆಯರು ಮನೆ ಕಟ್ಟಿ ಬೇಸಾಯ ಮಾಡುವ ಗೇಮೂ ಅದರೊಳಗೇ ನಡೆಯಬೇಕು. ಮುಚ್ಚಿಹೋದ ಟ್ರಾವೆಲ್ ಆಫೀಸಿನಿಂದ ಹಳೆಯ ಕಂಪ್ಯೂಟರ್ ಹೊತ್ತು ತಂದೆ. ಯಾವುದೋ ಸಿಸಿ ಕ್ಯಾಮೆರಾದಿಂದ ಬಿಚ್ಚಿದ ಎರಡು ಡಿಸ್ಕ್ ಹಾಕಿದೆ. "ರ‍್ಯಾಮ್ ಎರಡು ಹಾಕ್ಸಿ ಸಾರ್, ಎರಡು ಕೆಲಸ ಒಟ್ಟಿಗೆ ಕೊಟ್ರೆ ಇದಕ್ಕೆ ಉಸಿರು ಕಟ್ಟುತ್ತೆ" ಎಂದ ಅಂಗಡಿಯವನು. "ಒಂದು ಸಾಕು" ಎಂದೆ. ತಂದು ಶೂ ರ‍್ಯಾಕಿನ ಕೆಳಗಿನ ಅರೆಯಲ್ಲಿ ಇಟ್ಟೆ.

ಬಾಮೈದ ಗೇಮಿನ ವಿಳಾಸವನ್ನು ಗೆಳೆಯರಿಗೆ ಕೊಟ್ಟ. ಅವರು ಇನ್ಯಾರಿಗೋ ಕೊಟ್ಟರು. ಅದು ಊರಿನ ಅತಿ ದೊಡ್ಡ ರೌಡಿಯ ಕೈ ಸೇರಿದೆ ಎಂದು ನನಗೆ ಗೊತ್ತಾದದ್ದು ಇವತ್ತು, ಹೀಗೆ ನೇತಾಡುವಾಗ.

"ಐದು ತಿಂಗಳು ಕಣೋ!" ಸ್ಪ್ಯಾನರ್ ಅಣ್ಣನ ದನಿ ನಡುಗಿತು. "ಬಿಪಿ ಇದೆ, ಮನಸ್ಸಿಗೆ ನೆಮ್ಮದಿ ಕೊಡೋ ಕೆಲಸ ಮಾಡಿ ಅಂದ್ರು ಡಾಕ್ಟರು. ಸಾವಿರದ ಇನ್ನೂರು ಕುಂಬಳಕಾಯಿ ಬೆಳೆದೆ. ನಿನ್ನೆ ಸಂಜೆ ಹೋಗಿ ನೋಡಿದ್ರೆ... ಬರೀ ಬೂದಿ!"

"ಛೆ ಛೆ!"

"ಲಾಗ್ ಅಂತ ಒಂದಿರುತ್ತಂತಲ್ಲ, ಯಾರು ಏನ್ಮಾಡಿದ್ರು ಅಂತ ಅದ್ರಲ್ಲಿ ದಾಖಲಾಗಿರುತ್ತಂತೆ. ಇವತ್ತು ಸಂಜೆ ನಾಲ್ಕರೊಳಗೆ ನಂಗೆ ಹೆಸರು ಬೇಕು. ಆಸಾಮಿಯ ಎರಡೂ ಕಾಲು ಮುರೀತೀನಿ. ಹುಡುಗರ ಮುಂದೆ ಮಾತು ಕೊಟ್ಟಾಗಿದೆ."

"ಹೆಸರು ಸಿಗದಿದ್ರೆ?"

"ನಿಂಗೂ ಎರಡು ಕಾಲಿವೆಯಲ್ಲ."

ಆಗ ಗಂಟೆ ಎರಡೂವರೆ.

ಸರಪಳಿ ಬಿಚ್ಚಿದ ಕೂಡಲೇ ಸ್ಕೂಟರ್ ಹತ್ತಿದೆ. ಹಿಂದೆ ಇಪ್ಪತ್ತೇ ಅಡಿ ದೂರದಲ್ಲಿ ಗೂಳಿಯ ಬೈಕು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಫೋನಿನಲ್ಲೇ ಸರ್ವರಿಗೆ ಲಾಗಿನ್ ಆದೆ. ನಿನ್ನೆ ಮಧ್ಯಾಹ್ನ, ಮೂರು ಗಂಟೆ ಹನ್ನೆರಡು ನಿಮಿಷ. ಬೆಂಕಿ ಹಚ್ಚಿದವರ ಹೆಸರು ಓದಿದೆ. ಕಣ್ಣುಜ್ಜಿಕೊಂಡು ಮತ್ತೆ ಓದಿದೆ.

'ಅತ್ತೆ.'

ಆ ಅಕೌಂಟ್ ಮಾಡಿಕೊಟ್ಟವನು ನಾನೇ!

ನನಗೆ ಭಯವಾಯಿತು. ಚಾಕು ನೋಡಿದ್ದೇನೆ, ಪಿಸ್ತೂಲು ನೋಡಿದ್ದೇನೆ, ಆಗೆಲ್ಲ ಇಷ್ಟು ಭಯವಾಗಿರಲಿಲ್ಲ. ಅರವತ್ತೊಂಬತ್ತು ವರ್ಷದ ಹೆಂಗಸು. ಮಂಡಿನೋವು ಬೇರೆ. ನನಗೆ ಹೆಣ್ಣು ಕೊಡಲು ಇಡೀ ಮನೆ ಒಲ್ಲೆ ಎಂದಾಗ "ಹುಡುಗ ಪೆದ್ದ, ಆದ್ರೆ ಒಳ್ಳೇವನು" ಎಂದು ಪಟ್ಟು ಹಿಡಿದವರು ಅವರೊಬ್ಬರೇ. ಆ ಮಂಡಿಗಳ ಮೇಲೆ ಸ್ಪ್ಯಾನರ್ ಬೀಳಲು ನಾನು ಬಿಡುವುದಿಲ್ಲ!

ಗೂಳಿಗೆ ಚಳ್ಳೆಹಣ್ಣು ತಿನ್ನಿಸಬೇಕು. ಅತ್ತೆಯನ್ನು ಅವರ ತಂಗಿಯ ಮನೆಗೆ ಸಾಗಿಸಬೇಕು.

ಹಸಿರು ದೀಪ! ಎಡಕ್ಕೆ ತಿರುಗಿಸಿದೆ. ಪ್ಲೈವುಡ್ ಅಂಗಡಿಗಳ ಸಂದಿ. ಗೂಳಿ ಹಿಂದೆಯೇ ಬಂದ. ಕಾರು ತೊಳೆಯುವ ಶೆಡ್ಡಿನೊಳಗೆ ನುಗ್ಗಿ ಆಚೆ ಬದಿಯಿಂದ ಹೊರಬಿದ್ದೆ, ಮೈಯೆಲ್ಲ ಸೋಪಿನ ನೊರೆ. ಅವನೂ ನೊರೆಯ ಸಮೇತ ಹೊರಬಿದ್ದ. ಕೊನೆಗೆ ಒಂದು ಒನ್‌ವೇ ರಸ್ತೆಗೆ ಉಲ್ಟಾ ನುಗ್ಗಿದೆ.

ಗೂಳಿ ಬೋರ್ಡ್ ಓದಿ ಗಕ್ಕನೆ ನಿಂತ.

"ಒನ್‌ವೇ ಕಣಯ್ಯಾ!" ಹಿಂದಿನಿಂದ ಕೂಗಿದ. "ಯಾರಿಗಾದ್ರೂ ಗುದ್ದಿ ಕೈಕಾಲು ಮುರಿದ್ರೆ ಏನ್ಗತಿ?"

ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಬಾಗಿಲು ತೆಗೆದರೆ ಹಾಲಿನ ನಡುವೆ ಸ್ಟೂಲು. ಸ್ಟೂಲಿನ ಮೇಲೆ ಗೂಳಿ. ಅವನ ಕೈಯಲ್ಲಿ ಟ್ಯೂಬ್‌ಲೈಟು!

"ಬನ್ನಿ ಅಳಿಯಂದ್ರೇ," ಎಂದರು ಅತ್ತೆ. "ನಿಮ್ಮ ಫ್ರೆಂಡಂತೆ. ಒಳ್ಳೆ ಎತ್ತರ ಇದಾರೆ, ಈ ಟ್ಯೂಬ್ ಒಂದು ಬದಲಾಯ್ಸಿಕೊಡಿ ಅಂದೆ."

ಅತ್ತೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

"ಅತ್ತೆ... ನಿನ್ನೆ ಗೇಮಲ್ಲಿ ಬೆಂಕಿ ಹಚ್ಚಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇಪ್ಪತ್ತು ವರ್ಷದಿಂದ ಹಿಡಿದಿದ್ದೇನೆ. ಅತ್ತೆ ಹೆಗಲು ಮುಟ್ಟಲಿಲ್ಲ. ಸೊಂಟದ ಮೇಲೆ ಕೈ ಇಟ್ಟರು.

"ಹಚ್ಚಿದೆ. ನನ್ನ ಮನೆ ಒಲೆ ಹಚ್ಚಿದೆ. ಅದೇನು ತಪ್ಪು?"

"ಪಕ್ಕದ ತೋಟಕ್ಕೆ ಹೇಗೆ ಹೋಯ್ತು?"

"ಮರದ ಮನೆ, ಹತ್ತಿಕೊಳ್ತು. ನೀರು ಹಾಕೋಣ ಅಂದ್ರೆ ಎಲ್ಲ ನಿಂತೋಯ್ತು. ಬರೀ ಚಕ್ರ ತಿರುಗ್ತಿತ್ತು. ಏಳು ಬಕೆಟ್ ಸುರಿದೆ ರೀ! ಚಕ್ರ ನಿಂತ ಮೇಲೆ ನೋಡಿದ್ರೆ ನಮ್ಮನೇನೂ ಇಲ್ಲ, ಪಾಪ, ಪಕ್ಕದವರ ತೋಟಾನೂ ಇಲ್ಲ."

"ಆಗ ಟಿವೀಲಿ ಏನು ಓಡ್ತಿತ್ತು?"

"ಸೀರಿಯಲ್ಲು. ಎರಡೂ ಒಟ್ಟಿಗೆ ಓಡುತ್ತೆ ಅಂತ ನೀವೇ ಅಲ್ವಾ ಹೇಳಿದ್ದು?"

ಫೋನಿನಲ್ಲಿ ಸರ್ವರಿನ ಗ್ರಾಫ್ ತೆರೆದೆ. ಮೂರು ಹನ್ನೆರಡಕ್ಕೆ ರ‍್ಯಾಮ್ ಕುತ್ತಿಗೆವರೆಗೆ ತುಂಬಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಸೀರಿಯಲ್ಲು ಒಂದು ಕಡೆ ಜಗ್ಗಿದೆ, ಗೇಮು ಇನ್ನೊಂದು ಕಡೆ ಜಗ್ಗಿದೆ. ಸರ್ವರಿನ ಒಳಗೆ ಬೆಂಕಿ ಓಡುತ್ತಿತ್ತು. ಅತ್ತೆಯ ಏಳು ಬಕೆಟ್ ನೀರು ಮಾತ್ರ ಹೊರಗೆ ಕ್ಯೂನಲ್ಲಿ ನಿಂತಿತ್ತು. ಇನ್ನೊಂದು ರ‍್ಯಾಮ್ ಇದ್ದಿದ್ದರೆ ಮೊದಲ ಬಕೆಟ್ಟಿಗೇ ಆರುತ್ತಿತ್ತು.

ಒಂದು ಗಂಟೆಯಲ್ಲಿ ಅಪರಾಧಿಯನ್ನು ಹಿಡಿದಿದ್ದೆ. ನನ್ನ ವೃತ್ತಿಜೀವನದಲ್ಲೇ ಅದು ದಾಖಲೆ. ಅಪರಾಧಿ ನಾನೇ ಆಗಿದ್ದೆ!

ಬಾಗಿಲು ದಢಾರನೆ ತೆರೆಯಿತು. ಸ್ಪ್ಯಾನರ್ ಅಣ್ಣ ನಾಲ್ಕರವರೆಗೆ ಕಾಯಲಾರದೆ ತಾನೇ ಬಂದಿದ್ದ, ಹಿಂದೆ ಆರು ಜನರ ಜತೆ.

"ಹೆಸರು!"

"ನಾನೇ ಅಣ್ಣ. ಅತ್ತೆಗೂ ಇದಕ್ಕೂ ಸಂಬಂಧ ಇಲ್ಲ."

ಸ್ಪ್ಯಾನರು ಮೇಲೆದ್ದಿತು. ಕಣ್ಣು ಮುಚ್ಚಿಕೊಂಡೆ...

"ಏಯ್! ಚಪ್ಪಲಿ ಹೊರಗೆ!"

ಅತ್ತೆಯ ದನಿ. ಕಣ್ಣು ಬಿಟ್ಟರೆ ಏಳು ರೌಡಿಗಳೂ ಹೊಸ್ತಿಲ ಆಚೆ ಹೋಗಿ ಚಪ್ಪಲಿ ಬಿಡುತ್ತಿದ್ದರು. ಒಬ್ಬ ತನ್ನ ಜೋಡಿಯನ್ನು ಗೋಡೆಗೆ ಒತ್ತಿ ಸರಿಯಾಗಿ ಇಟ್ಟ.

"ನಮ್ಮ ಅಳಿಯ ಸುಳ್ಳು ಹೇಳ್ತಿದಾರೆ," ಎಂದರು ಅತ್ತೆ. "ಬೆಂಕಿ ಹಚ್ಚಿದ್ದು ನಾನು. ಆರಿಸೋಣ ಅಂದ್ರೆ ಎಲ್ಲ ನಿಂತು ಬರೀ ಚಕ್ರ ತಿರುಗ್ತು. ಪಕ್ಕದಲ್ಲಿ ನೀಲಿ ಛಾವಣಿ ಮನೆ ಇತ್ತಲ್ಲಪ್ಪಾ, ಅದು ನಂದೇ."

ಸ್ಪ್ಯಾನರು ಠಣ್ಣೆಂದು ನೆಲಕ್ಕೆ ಬಿತ್ತು.

"ನೀಲಿ ಛಾವಣಿ... ನೀವಾ? ಮೊದಲ್ನೇ ದಿನ ನಂಗೆ ಬೀಜ ಕೊಟ್ಟಿದ್ದು ನೀವಾ ಅಮ್ಮಾ?"

"ದಿನಾ ಬೆಳಿಗ್ಗೆ ನನ್ನ ಬಾಗ್ಲಲ್ಲಿ ಒಂದು ಕಾಯಿ ಇಟ್ಟು ಹೋಗ್ತಿದ್ದಿದ್ದು ನೀನೇನಪ್ಪಾ?"

ಇಬ್ಬರೂ ಕಣ್ಣೊರೆಸಿಕೊಂಡರು. ಸ್ಟೂಲಿನ ಮೇಲೆ ಗೂಳಿಯೂ ಮೂಗೆಳೆದ. ಸದ್ಯ, ಗಂಡಾಂತರ ಕಳೆಯಿತು ಎಂದುಕೊಂಡೆ.

"ಅಮ್ಮನ ಮೇಲೆ ಕೈ ಮಾಡೋಕಾಗಲ್ಲ," ಎಂದ ಸ್ಪ್ಯಾನರ್ ಅಣ್ಣ. "ಆದ್ರೆ ಮಾತು ಕೊಟ್ಟಿದೀನಿ. ಯಾರದಾದ್ರೂ ಮುರೀಲೇಬೇಕು. ಚಕ್ರ ಯಾಕೆ ತಿರುಗ್ತು?"

ನಾನು ಮೆಲ್ಲಗೆ ಶೂ ರ‍್ಯಾಕಿಗೆ ಅಡ್ಡವಾಗಿ ನಿಂತೆ.

"ಒಂದೇ ರ‍್ಯಾಮ್ ಹಾಕ್ಸಿದಾರೆ," ಎಂದರು ಅತ್ತೆ. "ಎರಡು ಹಾಕ್ಸಿ ಅಂತ ಅಂಗಡಿಯವನು ಬಡ್ಕೊಂಡ. ನಾನೂ ಅಲ್ಲೇ ಇದ್ದೆ."

"ಅತ್ತೆ!"

"ಕೇಳಿದ ಮೇಲೆ ಹೇಳ್ಬೇಕಲ್ಲ ಅಳಿಯಂದ್ರೇ."

"ಬ್ಯಾಕಪ್?" ಸ್ಪ್ಯಾನರ್ ಅಣ್ಣ ನನ್ನ ಕಡೆ ತಿರುಗಿದ.

ಎರಡನೆಯ ಡಿಸ್ಕ್ ತಂದದ್ದೇ ಬ್ಯಾಕಪ್ಪಿಗೆ, ಗೇಮಿನದೊಂದು ನಕಲು ತೆಗೆದಿಡಲು. ಆಮೇಲೆ ಅದರಲ್ಲಿ ಸೀರಿಯಲ್ಲಿನ ಎಂಟುನೂರು ಕಂತು ತುಂಬಿದ್ದೆ.

"ಇಲ್ಲ ಅಣ್ಣ."

ಅವನು ಕಣ್ಣು ಮುಚ್ಚಿ ಹತ್ತು ಸಲ ದೀರ್ಘವಾಗಿ ಉಸಿರಾಡಿದ. ಡಾಕ್ಟರು ಹೇಳಿಕೊಟ್ಟದ್ದಿರಬೇಕು. ಆಮೇಲೆ ತೀರ್ಪು ಕೊಟ್ಟ.

"ಎರಡ್ರಲ್ಲಿ ಒಂದು ಆರಿಸ್ಕೋ. ಕಾಲು ಕೊಡ್ತೀಯಾ? ಇಲ್ಲಾ, ಜೀವಮಾನ ಪೂರ್ತಿ ಈ ಸರ್ವರ್ ನಿಲ್ಲದ ಹಾಗೆ ನೋಡ್ಕೋತೀಯಾ? ನಮ್ಮ ಹುಡುಗರು ಮೂವತ್ತೆಂಟು ಜನಾನೂ ಬೇಸಾಯಕ್ಕೆ ಇಳೀತಾರೆ. ಎಲ್ರಿಗೂ ಬಿಪಿ ಇದೆ."

"ಸರ್ವರ್ ಅಣ್ಣ! ಸರ್ವರ್!"

ಯೋಚಿಸಲೇ ಇಲ್ಲ ನೋಡಿ, ಅದೇ ನಾನು ಮಾಡಿದ ತಪ್ಪು.

ಈಗ ಮೂರು ತಿಂಗಳಾಯಿತು. ರ‍್ಯಾಮ್ ತುಂಬಿಸಿದ್ದೇನೆ, ಬ್ಯಾಕಪ್ ಇಟ್ಟಿದ್ದೇನೆ. ಆದರೂ ಸ್ನಾನಕ್ಕೆ ಹೋದರೆ ಫೋನು, ಊಟಕ್ಕೆ ಕೂತರೆ ಫೋನು. "ಸಾರ್, ನನ್ನ ಕುರಿ ಗೋಡೆಯೊಳಗೆ ಸಿಕ್ಕಾಕ್ಕೊಂಡಿದೆ." "ಸಾರ್, ಗೂಳಿ ನನ್ನ ಕಾಲುವೆ ತಿರುಗಿಸ್ಕೊಂಡವ್ನೆ." ಮೂರು ಕೊಲೆ ಮಾಡಿದವನೊಬ್ಬ ಹನ್ನೊಂದನೆಯ ಬಾರಿ ಪಾಸ್‌ವರ್ಡ್ ಮರೆತು ಅಳುತ್ತಾನೆ. ಗೇಮಿನ ಊರಿಗೆ ಅತ್ತೆಯೇ ಮೇಯರ್. ಬಂದ ದೂರನ್ನೆಲ್ಲ ಅವರು ನನ್ನ ತಲೆಗೆ ಕಟ್ಟುತ್ತಾರೆ.

ಮೊನ್ನೆ ಒಬ್ಬ ಮೂಳೆ ಡಾಕ್ಟರನ್ನು ಸುಮ್ಮನೆ ಕೇಳಿ ನೋಡಿದೆ, ಮುರಿದ ಕಾಲು ಕೂಡಿಕೊಳ್ಳಲು ಎಷ್ಟು ದಿನ ಬೇಕು ಎಂದು.

ಆರೇ ಆರು ವಾರವಂತೆ!