ಭಾನುವಾರ ಮಧ್ಯಾಹ್ನದ ಕೆಂಪು ಗುರುತು

ಮಾರ್ಚ್ ಹತ್ತನೇ ತಾರೀಕು, ಸೋಮವಾರ ಬೆಳಿಗ್ಗೆ ಹೋಲ್ಮ್‌ಗೇಟ್ ಪೊಲೀಸ್ ಠಾಣೆಗೆ ಕೋಲಿನ್ ಬೀಸ್ಲಿ ಎಂಬಾತ ದೂರು ಕೊಡಲು ಬಂದ. ಮೋಟಾರ್‌ವೇ ಎಂಬ ವೇಗದ ಹೆದ್ದಾರಿಯ ನಿಯಂತ್ರಣ ಕೊಠಡಿಯಲ್ಲಿ ಅವನು ಪಾಳಿಯ ಮುಖ್ಯಸ್ಥ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅವನ ಕಣ್ಣುಗಳು ಕೆಂಪಾಗಿದ್ದವು. ಇನ್ಸ್‌ಪೆಕ್ಟರ್ ಜೂಡಿತ್ ಥ್ವೇಟ್ ಅವನ ಮುಂದೆ ಚಹಾ ಇಟ್ಟು ಪೆನ್ನು ತೆಗೆದಳು.

"ಹುಸಿ ಕರೆ ಮೇಡಂ. ಆಸ್ಕರ್‌ಬಿ ಹಳ್ಳಿ ಹತ್ರ ರಸ್ತೆ ಪಕ್ಕ ತುರ್ತು ಫೋನಿದೆಯಲ್ಲ, ಅದರಿಂದ. ಯಾವಾಗ್ಲೂ ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿಗೆ."

"ಏನಂತಾರೆ?"

"ರಸ್ತೆ ಮೇಲೆ ಯಾರೋ ನಡ್ಕೊಂಡು ಹೋಗ್ತಿದಾರೆ ಅಂತ. ಹೆಂಗಸಿನ ದನಿ."

"ಹೋಗಿ ನೋಡಿದ್ರೆ?"

"ಒಂದು ನರಪಿಳ್ಳೆ ಇರಲ್ಲ."

"ಎಷ್ಟು ದಿನದಿಂದ?"

"ಕ್ರಿಸ್‌ಮಸ್ ಕಳೆದ ಮೇಲೆ ಶುರುವಾಯ್ತು. ವಾರವಾರ ಬರ್ತಿದೆ."

"ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

ಬೀಸ್ಲಿ ಚಹಾದ ಲೋಟವನ್ನು ತಿರುಗಿಸುತ್ತ ಕೂತ. "ಯಾರೋ ತಲೆ ಕೆಟ್ಟವರು, ತಾನಾಗೇ ನಿಲ್ಲುತ್ತೆ ಅಂದ್ಕೊಂಡ್ವಿ. ಹಾಗಂತ ಕರೆ ಬಂದಾಗ ಕೈಕಟ್ಟಿ ಕೂರೋಕಾಗಲ್ಲ. ನಿಜವಾಗ್ಲೂ ಮನುಷ್ಯ ಇದ್ರೆ? ಕೆಂಪು ಹಾಕಲೇಬೇಕು."

ಕೆಂಪು ಎಂದರೆ ರಸ್ತೆಗೆ ಅಡ್ಡಲಾಗಿ ಕಟ್ಟಿದ ಕಮಾನುಗಳಲ್ಲಿ ಉರಿಯುವ ಗುಣಿಸು ಗುರುತು; ಅದು ಬಿದ್ದರೆ ಗಾಡಿಗಳೆಲ್ಲ ನಿಲ್ಲಬೇಕು. ಹಿಂದಿನ ವರ್ಷವಷ್ಟೇ ಆ ಮೋಟಾರ್‌ವೇ ಅಗಲವಾಗಿತ್ತು. ಕೆಟ್ಟ ಗಾಡಿಗಳು ನಿಲ್ಲುತ್ತಿದ್ದ ಅಂಚಿನ ಪಟ್ಟಿಯನ್ನೂ ಲೇನ್ ಮಾಡಿ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಲೇನ್ ಆಗಿದ್ದವು. ಕ್ಯಾಮೆರಾ, ರಾಡಾರ್, ವೇಗದ ಮಿತಿ ತೋರಿಸುವ ಫಲಕ ಎಲ್ಲ ಬಂದವು. ಕೆಟ್ಟ ಗಾಡಿ ನಿಲ್ಲಿಸಲು ದೂರದೂರಕ್ಕೆ ಒಂದೊಂದು ತಂಗುಕಟ್ಟೆ, ಅದರಲ್ಲೊಂದು ಕಿತ್ತಳೆ ಬಣ್ಣದ ಫೋನು.

ಭಾನುವಾರ ಎಂದಿನಂತೆ ಕರೆ ಬಂದಿತ್ತು, ಎಂದಿನಂತೆ ಎರಡೂ ಕಡೆ ಕೆಂಪು ಬಿದ್ದಿತ್ತು. ನಿಂತ ವಾಹನಗಳ ಸಾಲಿನ ಬಾಲಕ್ಕೆ ಸಾಮಾನಿನ ವ್ಯಾನೊಂದು ಬ್ರೇಕ್ ಹಾಕದೆ ನುಗ್ಗಿತು. ಕೊನೆಯಲ್ಲಿದ್ದ ಪುಟ್ಟ ಕಾರು ಮಡಚಿಕೊಂಡಿತು. ಕಾರಿನಲ್ಲಿದ್ದವಳು ಮಾರ್ಟಾ ಝೆಲಿನ್ಸ್ಕ, ವೃದ್ಧಾಶ್ರಮವೊಂದರ ಸಹಾಯಕಿ. ಆ ರಾತ್ರಿಯೇ ವೈದ್ಯರು ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ವ್ಯಾನ್ ಚಾಲಕನ ಮೇಲೆ ಬೇರೆ ಪ್ರಕರಣವಿತ್ತು. ಹುಸಿ ಕರೆ ಮಾಡಿ ರಸ್ತೆ ಬಳಸುವವರ ಜೀವಕ್ಕೆ ಅಪಾಯ ತಂದ ಅಪರಿಚಿತ ಮಹಿಳೆಯ ಮೇಲೆ ಥ್ವೇಟ್ ಹೊಸ ಪ್ರಕರಣ ದಾಖಲಿಸಿದಳು. ತನಿಖೆಗೆ ಕಾನ್‌ಸ್ಟೇಬಲ್ ತಾರಿಕ್ ಹನೀಫನನ್ನು ಜೊತೆಗೆ ತೆಗೆದುಕೊಂಡಳು.

ಮಂಗಳವಾರ ಆಸ್ಪತ್ರೆಗೆ ಹೋದಾಗ ಮಾರ್ಟಾಳಿಗೆ ಎಚ್ಚರವಿತ್ತು. ಹೊದಿಕೆಯ ಒಂದು ಬದಿ ಅರ್ಧದಲ್ಲೇ ಚಪ್ಪಟೆಯಾಗಿತ್ತು.

"ಕೆಂಪು ಬಂತು, ನಿಂತೆ," ಎಂದಳು. "ಎಲ್ಲರೂ ನಿಂತಿದ್ರು. ಕನ್ನಡಿಯಲ್ಲಿ ವ್ಯಾನ್ ಕಾಣ್ತು. ಹಾರ್ನ್ ಒತ್ತಿದೆ. ಯಾಕೆ ಒತ್ತಿದೆನೋ ಗೊತ್ತಿಲ್ಲ."

"ಬೇರೆ ಏನಾದ್ರೂ ನೆನಪಿದೆಯಾ?"

"ಇಲ್ಲ." ಹೊದಿಕೆ ಎಳೆದುಕೊಂಡು ಕೇಳಿದಳು, "ರಸ್ತೆ ಮೇಲೆ ಜನ ಅಂತ ಫಲಕದಲ್ಲಿ ಬಂದಿತ್ತಲ್ಲ, ಆ ಮನುಷ್ಯ ಉಳ್ಕೊಂಡನಾ?"

"ಗೊತ್ತಿಲ್ಲ," ಎಂದಳು ಥ್ವೇಟ್. ಅಲ್ಲಿ ಯಾರೂ ಇರಲಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅದೇ ಮಧ್ಯಾಹ್ನ ಪಶ್ಚಿಮದ ಬದಿಯ ತಂಗುಕಟ್ಟೆಯಲ್ಲಿ ಸ್ಥಳ ಮಹಜರು ನಡೆಯಿತು. ಕರೆಗಳ ಧ್ವನಿಮುದ್ರಿಕೆಯಲ್ಲಿ ಹೆಂಗಸು ಪ್ರತಿ ಸಲ, ಕಾರಿನಲ್ಲಿ ಹೋಗುತ್ತಿದ್ದೆ, ಉತ್ತರಕ್ಕೆ ಅರ್ಧ ಮೈಲಿ ದೂರದಲ್ಲಿ ಒಬ್ಬ ಮನುಷ್ಯ ಕಂಡ, ಅದಕ್ಕೇ ನಿಲ್ಲಿಸಿದೆ ಎಂದಿದ್ದಳು. ಆದರೆ ಅವಳ ದನಿಯಲ್ಲಿ ಏದುಸಿರಿತ್ತು. ಕಾರಿನಿಂದ ಇಳಿದವರಿಗೆ ಅಷ್ಟು ಏದುಸಿರು ಬರುವುದಿಲ್ಲ. ಫೋನಿನ ಹಿಂದೆ ಇಳಿಜಾರು. ಅದರಲ್ಲಿ ಮುಳ್ಳುಪೊದೆ ಒಂದು ಕಡೆ ತುಳಿತಕ್ಕೆ ಮಲಗಿತ್ತು. ಮೇಲೆ ಬೇಲಿಯ ಒಂದು ಹಲಗೆ ಸಡಿಲ. ಆಚೆ ಹೊಲ, ಹೊಲದಾಚೆ ಆಸ್ಕರ್‌ಬಿಯ ಹತ್ತಾರು ಮನೆಗಳು.

"ಊರಿನವಳೇ," ಎಂದ ತಾರಿಕ್. "ಸದ್ದಿಗೆ ರೋಸಿ ಹೋಗಿರ್ಬೇಕು. ವಾರಕ್ಕೊಂದು ಸಲ ಕಿವಿಗೆ ವಿಶ್ರಾಂತಿ."

"ಹಾಗಿದ್ರೆ ರಾತ್ರಿ ಮಾಡ್ತಿದ್ಲು, ಮಲಗೋ ಹೊತ್ತಿಗೆ. ಭಾನುವಾರ ಮಧ್ಯಾಹ್ನ ಯಾಕೆ?"

ತಾರಿಕ್ ಗುರುವಾರವಿಡೀ ನಿಯಂತ್ರಣ ಕೊಠಡಿಯಲ್ಲಿ ಕೂತ. ಕರೆ ಬಂದ ಕೂಡಲೇ ಸಿಬ್ಬಂದಿ ಕ್ಯಾಮೆರಾಗಳನ್ನೆಲ್ಲ ಉತ್ತರಕ್ಕೆ, ಅವಳು ಹೇಳಿದ ಜಾಗಕ್ಕೆ ತಿರುಗಿಸುತ್ತಿದ್ದರು. ತಂಗುಕಟ್ಟೆಯ ಸುತ್ತ ಆ ಹೊತ್ತಿನ ಚಿತ್ರವೇ ಇರಲಿಲ್ಲ. ರಾಡಾರ್ ಮಾತ್ರ ಹಾಗೆ ತಿರುಗಿಸುವಂಥದ್ದಲ್ಲ, ಇಡೀ ರಸ್ತೆಯನ್ನು ನೋಡುತ್ತಲೇ ಇರುತ್ತಿತ್ತು. ಕೆಟ್ಟು ನಿಂತ ಗಾಡಿ ಪತ್ತೆ ಮಾಡುವುದು ಅದರ ಕೆಲಸ. ಸಂಜೆ ಠಾಣೆಗೆ ಬಂದವನೇ ಥ್ವೇಟಳ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ.

"ನೋಡಿ ಮೇಡಂ. ಎಲ್ಲ ನಿಂತ ಮೇಲೆ ಒಂದು ಚುಕ್ಕಿ. ಪೂರ್ವದಿಂದ ಪಶ್ಚಿಮಕ್ಕೆ ಬರುತ್ತೆ. ಕಂಪ್ಯೂಟರ್ ಇದನ್ನ ಜಿಂಕೆ ಅಂತ ಬಿಟ್ಟಿದೆ."

"ವಾಪಸ್ ಹೋಗಲ್ವಾ?"

"ಹೋಗೋದು ಕಂಡಿಲ್ಲ. ಆಚೆ ಕಡೆಗೆ ಸೋಮವಾರ ಬಸ್ಸಿದೆ, ಸುತ್ತಿ ಹೋಗುತ್ತೆ. ಭಾನುವಾರ ಇಲ್ಲ." ತಾರಿಕ್ ತಲೆ ಕೆರೆದುಕೊಂಡ. "ವಾರವಾರ ಊಟಕ್ಕೆ ಬರೋ ಜಿಂಕೆ."

ಚುಕ್ಕಿ ದಾಟುತ್ತಿದ್ದ ಜಾಗದಲ್ಲಿ ಹಿಂದೆ ಕಾಲ್ಸೇತುವೆಯಿತ್ತು. ಆಸ್ಕರ್‌ಬಿಯ ಎರಡು ಭಾಗಗಳನ್ನು ಅದು ಜೋಡಿಸಿತ್ತು. ರಸ್ತೆ ಅಗಲಿಸುವಾಗ ಅದನ್ನು ಕೆಡವಿದರು. ಹೊಸದು ಮುಂದಿನ ಹಂತದಲ್ಲಿ ಎಂದರು. ಮುಂದಿನ ಹಂತ ಬಂದಿರಲಿಲ್ಲ. ಹಳೆಯ ಕಂಬದ ಬುಡ ಇನ್ನೂ ರಸ್ತೆಯ ನಡುವೆ ನಿಂತಿತ್ತು. ಅಲ್ಲಿ ಮಾತ್ರ ನಡುಗೋಡೆ ತುಂಡಾಗಿ, ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಸಂದಿಯಿತ್ತು.

ಮಾರ್ಚ್ ಹದಿನಾರು, ಭಾನುವಾರ. ಹನ್ನೆರಡು ಗಂಟೆಗೇ ಥ್ವೇಟ್ ಇಳಿಜಾರಿನ ಪೊದೆಯ ಮರೆಯಲ್ಲಿ ಕೂತಳು. ತಾರಿಕ್ ರಸ್ತೆಯಾಚೆ, ಪೂರ್ವದ ಬೇಲಿಯ ಬಳಿ. ದಾಟುವವನನ್ನು ಅವನು ಬೇಲಿಯಲ್ಲೇ ಹಿಡಿಯಬೇಕು, ಕರೆ ಮಾಡುವವಳನ್ನು ಇವಳು. ಕೆಳಗೆ ಎಂಟು ಲೇನ್‌ಗಳೂ ತುಂಬಿ ಹರಿಯುತ್ತಿದ್ದವು. ಆ ಸದ್ದಿನಲ್ಲಿ ತನ್ನ ಕೆಮ್ಮು ತನಗೇ ಕೇಳಿಸುತ್ತಿರಲಿಲ್ಲ. ಇಷ್ಟೊಂದು ಜನ ಹಾದುಹೋಗುವ ಜಾಗದಲ್ಲಿ ಹೀಗೆ ಒಬ್ಬಳೇ ಕೂತು ಥ್ವೇಟ್ ತಣ್ಣನೆಯ ಸ್ಯಾಂಡ್‌ವಿಚ್ ತಿಂದಳು.

ಒಂದು ಗಂಟೆಗೆ ಸ್ವಲ್ಪ ಮುಂಚೆ ಬೇಲಿಯ ಹಲಗೆ ಸರಿಯಿತು. ಅರವತ್ತು ದಾಟಿದ ಹೆಂಗಸು. ಕೋಟಿನ ಕೆಳಗೆ ಅಡುಗೆಯ ಏಪ್ರನ್ ಇಣುಕುತ್ತಿತ್ತು. ಪೊದೆ ಹಿಡಿದು ಇಳಿಯುತ್ತ ಕೆಳಗೆ ಬಂದು ಫೋನಿನ ಬಾಗಿಲು ತೆರೆದಳು. ಥ್ವೇಟ್ ಹಿಂದಿನಿಂದ ಹೋಗಿ ಅವಳ ಕೈ ಹಿಡಿದಳು.

"ಪೊಲೀಸ್. ಫೋನ್ ಇಡಿ."

ಹೆಂಗಸು ತಿರುಗಿ ನೋಡಿದಳು. ಹೆದರಿದಂತೆ ಕಾಣಲಿಲ್ಲ. ಅವಳ ಕಣ್ಣು ಮತ್ತೆ ರಸ್ತೆಯಾಚೆಗೆ ಹೋಯಿತು.

"ಇಡ್ತೀನಮ್ಮ. ಮೊದಲು ಇದೊಂದು ಕರೆ ಮಾಡಿಬಿಡ್ತೀನಿ."

"ನಿಮ್ಮ ಹೆಸರು?"

"ಡೋರೀನ್ ಹಾಲ್‌ರಾಯ್ಡ್. ಹೆಸರು ಆಮೇಲೆ ಬರ್ಕೋ. ಅವರು ಹೊರಟಾಗಿದೆ."

"ಯಾರು?"

"ಕ್ಲಿಫ್. ರಸ್ತೆ ನಿಂತಿದ್ರೂ ದಾಟ್ತಾರೆ, ನಿಲ್ಲದಿದ್ರೂ ದಾಟ್ತಾರೆ. ಮೊದಲನೇ ಸಲ ನಿಂತಿರಲಿಲ್ಲ. ನಾನು ಇಲ್ಲೇ ಮೇಲೆ ನಿಂತು ನೋಡಿದೀನಿ. ಕೈ ಬಿಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ."

ಥ್ವೇಟ್ ವಾಕಿಟಾಕಿ ಎತ್ತಿದಳು. "ತಾರಿಕ್, ಬೇಲಿ ಹತ್ರ ಯಾರಾದ್ರೂ?"

"ಯಾರೂ ಇಲ್ಲ ಮೇಡಂ."

"ಅಲ್ಲಲ್ಲ," ಎಂದಳು ಡೋರೀನ್. "ಇನ್ನೂ ಕೆಳಗೆ. ಮೋರಿ ಹತ್ರ ಬೇಲಿ ನುಸುಳಿ ರಸ್ತೆ ಅಂಚಲ್ಲಿ ನಡ್ಕೊಂಡು ಬರ್ತಾರೆ. ಅಗೋ."

ದೂರದಲ್ಲಿ, ಆಚೆ ಬದಿಯ ಕಬ್ಬಿಣದ ತಡೆಯ ಮೇಲೆ ಒಂದು ಕಾಲು ಬಂತು. ಆಮೇಲೆ ಚಪ್ಪಟೆ ಟೋಪಿ. ತಾರಿಕ್ ಓಡಿದರೂ ಮುಟ್ಟುವಷ್ಟು ಹತ್ತಿರವಿರಲಿಲ್ಲ. ಥ್ವೇಟ್ ತಾನೇ ಫೋನ್ ಕಿತ್ತುಕೊಂಡಳು.

"ಬೀಸ್ಲಿ, ನಾನು ಇನ್ಸ್‌ಪೆಕ್ಟರ್ ಥ್ವೇಟ್. ಕೆಂಪು ಹಾಕಿ. ಎರಡೂ ಕಡೆ, ಎಲ್ಲ ಲೇನು."

"ಇವತ್ತೂ ಹುಸಿನಾ ಮೇಡಂ?"

"ಕಣ್ಣಾರೆ ನೋಡ್ತಿದೀನಿ. ವೇಗ ಹಿಂದಿನಿಂದಲೇ ಇಳಿಸ್ತಾ ಬನ್ನಿ, ಸಾಲಿನ ಬಾಲಕ್ಕೆ ಗಸ್ತು ಗಾಡಿ ಕಳಿಸಿ. ಬೇಗ."

ಕಮಾನುಗಳಲ್ಲಿ ಮೊದಲು ಅರವತ್ತು, ಆಮೇಲೆ ನಲವತ್ತು, ಆಮೇಲೆ ಕೆಂಪು. ಅಷ್ಟರಲ್ಲಿ ಅವನು ಮೊದಲ ಲೇನಿಗೆ ಕಾಲಿಟ್ಟಾಗಿತ್ತು. ಲಾರಿಯೊಂದು ಅರಚಿಕೊಂಡು ಅವನ ಪಕ್ಕದಲ್ಲೇ ಹಾದುಹೋಯಿತು. ಡೋರೀನ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಇನ್ನೊಂದು ಲಾರಿ ನಿಂತಿತು, ಅದರ ಹಿಂದೆ ಕಾರು, ಅದರ ಹಿಂದೆ ಎಲ್ಲ. ಸದ್ದು ಕ್ರಮೇಣ ಕುಗ್ಗಿ ಇಲ್ಲವಾಯಿತು. ಎಲ್ಲೋ ಹೊಲದಲ್ಲಿ ಕಾಗೆ ಕೂಗಿದ್ದು ಕೇಳಿಸಿತು. ಎಪ್ಪತ್ತರ ಹತ್ತಿರದ ಆ ಮನುಷ್ಯ ತಲೆಯೆತ್ತದೆ, ಅವಸರವಿಲ್ಲದೆ ನಡೆದು, ಕಂಬದ ಬುಡದ ಸಂದಿಯಲ್ಲಿ ನುಸುಳಿ ಈಚೆ ಬಂದ. ಕೋಟಿನ ಜೇಬಿನಲ್ಲಿ ಪುದೀನ ಸಾಸಿನ ಬಾಟಲಿ ಉಬ್ಬಿತ್ತು.

"ನೋಡಿದ್ಯೇನೆ ಡೋರೀನ್," ಎಂದ ಕ್ಲಿಫ್ ಆರ್ಮಿಟೇಜ್. "ಭಾನುವಾರ ಅಂದ್ರೆ ರಸ್ತೆಗೂ ನನ್ನ ಕಂಡ್ರೆ ಮರ್ಯಾದೆ." ಆಮೇಲೆ ಥ್ವೇಟಳ ಸಮವಸ್ತ್ರ ಕಂಡು ಟೋಪಿ ತೆಗೆದ.

"ಅವರಿಗೆ ಏನೂ ಗೊತ್ತಿಲ್ಲ," ಎಂದು ಡೋರೀನ್ ಮೆಲ್ಲಗೆ ಹೇಳಿದಳು. "ನಾನು ಮಾಡಿದ್ದು. ಅವರಿಗೆ ಹೇಳಬೇಡ ಅಂತ ಕೇಳೋಕೂ ನನಗೆ ಮುಖ ಇಲ್ಲ."

ಥ್ವೇಟ್ ಅಲ್ಲೇ ಅವಳ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದಳು. ಕ್ಲಿಫ್ ಟೋಪಿ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡ. ಓವನ್‌ನಲ್ಲಿ ಕುರಿಮಾಂಸವಿದೆ, ಉರಿ ಆರಿಸಬೇಕು ಎಂದಳು ಡೋರೀನ್. ತಾರಿಕ್ ಹೋಗಿ ಆರಿಸಿ ಬಂದ. ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿತ್ತು ಎಂದು ಅವನು ಆಮೇಲೆ ಥ್ವೇಟಳಿಗೆ ಹೇಳಿದ.

ಠಾಣೆಯಲ್ಲಿ ವಕೀಲರ ಎದುರು ವಿಚಾರಣೆ ನಡೆಯಿತು. ಡೋರೀನ್ ವಿಧವೆ, ಹಿಂದೆ ಶಾಲೆಯ ಅಡುಗೆಮನೆಯಲ್ಲಿದ್ದವಳು. ಕ್ಲಿಫ್ ಅವಳ ಗಂಡನ ಜೊತೆ ಕಲ್ಲಿನ ಕ್ವಾರಿಯಲ್ಲಿ ದುಡಿದವನು. ಗಂಡ ತೀರಿಕೊಂಡ ವರ್ಷದಿಂದ ಪ್ರತಿ ಭಾನುವಾರ ಕಾಲ್ಸೇತುವೆ ದಾಟಿ ಊಟಕ್ಕೆ ಬರುತ್ತಿದ್ದ. ಊಟ ಮುಗಿಸಿ ಸಂಜೆ ನಡೆದು ಹೋಗುತ್ತಿದ್ದ. ಸೇತುವೆ ಹೋದ ಮೇಲೆ ರಾತ್ರಿ ಕೆಳಗಿನ ಕೋಣೆಯಲ್ಲಿ ಮಲಗಿ ಸೋಮವಾರ ಬಸ್ಸಿಗೆ ಹೋಗುತ್ತಿದ್ದ.

"ಮಾರ್ಟಾ ಝೆಲಿನ್ಸ್ಕ ಯಾರು ಅಂತ ಗೊತ್ತಾ?"

"ಗೊತ್ತು. ರೇಡಿಯೋದಲ್ಲಿ ಕೇಳಿದೆ."

"ಕೇಳಿದ ಮೇಲೂ ಇವತ್ತು ಬಂದ್ರಿ."

"ಬಂದೆ."

"ಬರಬೇಡಿ ಅಂತ ಅವರಿಗೆ ಒಂದು ಮಾತು ಹೇಳಿದ್ರೆ?"

"ಶನಿವಾರ ಹೇಳೋಣ ಅಂತಲೇ ಫೋನ್ ಮಾಡಿದೆ. ಪುದೀನ ಸಾಸ್ ಇದೆಯಾ, ತರಲಾ ಅಂದ್ರು. ತನ್ನಿ ಅಂದೆ."

"ಹೇಳಿದ್ರೆ ಕೇಳ್ತಿರಲಿಲ್ವಾ?"

"ಕೇಳ್ತಿದ್ರು. ಒಂದು ಸಲ ಬೇಡ ಅಂದ್ರೆ ಮತ್ತೆ ಬರೋ ಜಾತಿ ಅಲ್ಲ ಅವರು."

"ಮತ್ತೆ?"

ಡೋರೀನ್ ಕೈಯ ಮೇಲಿನ ಮುಳ್ಳಿನ ಗೀರನ್ನು ಉಜ್ಜಿಕೊಂಡಳು. "ಮತ್ತೆ ಬರ್ತಿರಲಿಲ್ಲವಲ್ಲಮ್ಮ," ಎಂದಳು.

ಕ್ಲಿಫ್‌ನ ಹೇಳಿಕೆಯನ್ನು ಪಕ್ಕದ ಕೋಣೆಯಲ್ಲಿ ತಾರಿಕ್ ಬರೆದುಕೊಂಡ. ಮೋಟಾರ್‌ವೇ ಮೇಲೆ ನಡೆದದ್ದಕ್ಕೆ ಅವನ ಮೇಲೂ ಪ್ರಕರಣವಿತ್ತು.

"ಟ್ಯಾಕ್ಸಿ ಮಾಡ್ಕೊಂಡು ಬರಬಹುದಿತ್ತಲ್ಲ ತಾತ?"

"ಟ್ಯಾಕ್ಸಿ ಕರೆದ್ರೆ ಊರೆಲ್ಲ ಕೇಳುತ್ತೆ, ಯಾರ ಮನೆಗೆ, ಏನು ಸಮಾಚಾರ ಅಂತ. ಅವಳ ಗಂಡ ನನ್ನ ಸ್ನೇಹಿತ ಕಣಪ್ಪ. ನಡ್ಕೊಂಡು ಬಂದ್ರೆ ಬರೀ ನಡಿಗೆ."

"ಭಯ ಆಗ್ತಿರಲಿಲ್ವಾ?"

"ಆಗ್ತಿತ್ತು, ಶುಕ್ರವಾರದಿಂದಲೇ. ನನ್ನ ಕಣ್ಣು ಬೇರೆ ಮಬ್ಬು. ತಲೆ ತಗ್ಗಿಸ್ಕೊಂಡು ನಡೆದುಬಿಡ್ತಿದ್ದೆ."

"ಮತ್ತೆ ಯಾಕೆ ಬರ್ತಿದ್ರಿ?"

"ಅವಳು ಬೆಳಿಗ್ಗೆಯಿಂದ ಬೇಯಿಸಿಟ್ಟು ಕಾಯ್ತಾಳಲ್ಲ. ಬೇಡ ಅಂದಿದ್ರೆ ಸಾಕಿತ್ತು, ನೆಮ್ಮದಿಯಾಗಿ ಮನೇಲಿ ಕೂರ್ತಿದ್ದೆ." ಮುದುಕ ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿದ. "ನೆಮ್ಮದಿ ಅಂತಲ್ಲ. ಕೂರ್ತಿದ್ದೆ."

ಥ್ವೇಟ್ ವರದಿ ಬರೆದಳು. ಉದ್ದೇಶ ಎಂಬಲ್ಲಿ, "ಆರೋಪಿಗೆ ರಸ್ತೆ ನಿಲ್ಲಿಸುವುದರಿಂದ ಲಾಭವಾಗಲಿ, ಯಾರ ಮೇಲಾದರೂ ದ್ವೇಷವಾಗಲಿ ಇರಲಿಲ್ಲ. ವಾರಕ್ಕೊಮ್ಮೆ ಬರುವ ಒಬ್ಬ ಅತಿಥಿಯನ್ನು ಕಳೆದುಕೊಳ್ಳಲು ಆಕೆ ಒಪ್ಪಲಿಲ್ಲ," ಎಂದು ಬರೆದು ಸಹಿ ಹಾಕಿದಳು.

ಸಂಜೆ ಡೋರೀನ್‌ಗೆ ಜಾಮೀನು ಸಿಕ್ಕಿತು. ಷರತ್ತುಗಳನ್ನು ಥ್ವೇಟ್ ಒಂದೊಂದಾಗಿ ಓದಿ ಹೇಳಿದಳು. ಮೋಟಾರ್‌ವೇ ಬೇಲಿಯ ಹತ್ತಿರ ಹೋಗುವಂತಿಲ್ಲ. ಊರು ಬಿಡುವಂತಿಲ್ಲ. ಕ್ಲಿಫ್ ಆರ್ಮಿಟೇಜ್ ಈ ಪ್ರಕರಣದ ಸಾಕ್ಷಿಯಾದ್ದರಿಂದ, ತೀರ್ಪು ಬರುವವರೆಗೆ ಅವರನ್ನು ಭೇಟಿಯಾಗುವಂತಿಲ್ಲ, ಮಾತಾಡುವಂತಿಲ್ಲ.

"ತೀರ್ಪು ಯಾವಾಗ?"

"ಹೇಳೋಕಾಗಲ್ಲ. ವರ್ಷ ಹಿಡಿಯಬಹುದು."

ಡೋರೀನ್ ಕೋಟಿನ ಗುಂಡಿ ಹಾಕಿಕೊಂಡಳು. ಮೇಲಿನದ್ದು, ನಡುವಿನದ್ದು, ಕೆಳಗಿನದ್ದು.

"ಭಾನುವಾರವೂ?" ಎಂದು ಕೇಳಿದಳು.

"ಭಾನುವಾರವೂ," ಎಂದಳು ಇನ್ಸ್‌ಪೆಕ್ಟರ್.